ಟಕ್‌ಟಕ್ ಅಕ್ಕ ಬೇಯಿಸಿದ ಪ್ಲೈವುಡ್

ಟಕ್‌ಟಕ್ ಅಕ್ಕನನ್ನು ನಾನು ಮೊದಲು ನೋಡಿದಾಗ ಕಂಡದ್ದು ಎರಡು ಪಾದ ಮಾತ್ರ. ಹೊಳೆಯ ದಡದ ಶೆಡ್ಡಿನಲ್ಲಿ ಎರಡು ಬೆಂಚುಗಳ ಮೇಲೆ ಒಂದು ದೋಣಿಯನ್ನು ಬೋರಲು ಹಾಕಿದ್ದರು. ಅದರ ಕೆಳಗಿನಿಂದ ಬಣ್ಣ ಮೆತ್ತಿದ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು. ನಾನು ಟ್ರಂಕನ್ನು ಕೆಳಗಿಟ್ಟು ಕೆಮ್ಮಿದೆ.

"ಹಾಲಾದ್ರೆ ಅಲ್ಲೇ ಇಟ್ಟು ಹೋಗಿ," ಎಂದಿತು ದೋಣಿ.

"ಹಾಲಲ್ಲ. ಮಹಡಿ ಮೇಲಿನ ಕೋಣೆ ಬಾಡಿಗೆಗೆ ಇದೆ ಅಂದ್ರು. ನಾನು ಆಚೆ ದಡದ ಶಾಲೆಗೆ ಬಂದಿರೋ ಹೊಸ ಟೀಚರ್."

"ಒಳ್ಳೇದಾಯ್ತು ಟೀಚರಮ್ಮ. ಹೇಗೂ ಬಂದಿದ್ದೀರಿ, ಮೇಲೆ ಎಲ್ಲೆಲ್ಲಿ ತೂತು ಕಾಣುತ್ತೋ ಅಲ್ಲೆಲ್ಲ ಒಂದು ಬೆರಳು ಇಡ್ತಾ ಹೋಗಿ. ಬೆಳಕು ಮುಚ್ಚಿದ ಕಡೆ ನಾನು ಒಳಗಿಂದ ಗುರುತು ಹಾಕ್ತೀನಿ."

ನೇಮಕದ ಆದೇಶ ಕೈಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ, ಯಾರು ಯಾವ ಕೆಲಸ ಹೇಳಿದರೂ ಪರೀಕ್ಷೆಯ ಹಾಗೆ ಶ್ರದ್ಧೆಯಿಂದ ಮಾಡುವುದು ನನಗೆ ಅಭ್ಯಾಸವಾಗಿತ್ತು. ತೂತು ಹುಡುಕಿ ಹುಡುಕಿ ಬೆರಳಿಟ್ಟೆ. ಒಂದು ತೂತು ದೊಡ್ಡದಿತ್ತು. ಅದರೊಳಗೆ ಬೆರಳು ತೂರಿಸಿದಾಗ ಒಳಗಿನಿಂದ ಇನ್ನೊಂದು ಕೈ ಅದನ್ನು ಹಿಡಿದು ಮೇಲೆ ಕೆಳಗೆ ಕುಲುಕಿತು.

"ನಮಸ್ಕಾರ," ಎಂದಿತು ದೋಣಿ.

ಹೊರಗೆ ತೆವಳಿ ಬಂದ ಹೆಂಗಸಿನ ತಲೆತುಂಬ ಮರದ ಪುಡಿ. ವಯಸ್ಸು ನನ್ನ ಚಿಕ್ಕಮ್ಮನಷ್ಟು. ಮಾತಿಗೆ ಮುಂಚೆ ಬೆರಳ ಗೆಣ್ಣಿನಿಂದ ನನ್ನ ಟ್ರಂಕನ್ನು ಎರಡು ಕಡೆ ಟಕ್‌ಟಕ್ ಎಂದು ಬಡಿದು ಕಿವಿಗೊಟ್ಟರು. "ಎಡಗಡೆ ಪುಸ್ತಕ. ಬಲಗಡೆ ಏನೂ ಇಲ್ಲ." ಬಲಗಡೆ ಇದ್ದದ್ದು ನನ್ನ ಬಟ್ಟೆಗಳು. ನಾನು ತಂದ ಬಟ್ಟೆ ಎಷ್ಟು ಕಡಿಮೆ ಎಂಬುದು ನನಗೂ ಆಗಲೇ ಹೊಳೆದದ್ದು.

ಅಕ್ಕನಿಗೆ ಆ ಹೆಸರು ಬಂದದ್ದೇ ಈ ಬಡಿತದಿಂದ. ದೋಣಿ ರಿಪೇರಿ ಅವರ ಕೆಲಸ. ಪ್ಲೈವುಡ್ ಎಂದರೆ ತೆಳು ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಹಲಗೆ ತಾನೆ? ಒಳಪದರದಲ್ಲಿ ಎಲ್ಲಾದರೂ ಸಂದು ಉಳಿದಿದ್ದರೆ ಬಡಿದಾಗ ಟೊಳ್ಳು ಸದ್ದು ಬರುತ್ತದೆ. ಆ ಸಂದಿಗೆ ನೀರು ಹೊಕ್ಕರೆ ದೋಣಿಯ ಕತೆ ಮುಗಿಯಿತು. ಹೀಗೆ ಶುರುವಾದ ಚಟ ಈಗ ಬಾಗಿಲು, ಕುಂಬಳಕಾಯಿ, ಗಂಡನ ತಲೆ ಎಂದು ಯಾವುದನ್ನೂ ಬಿಡುವುದಿಲ್ಲ. "ನನ್ನದರಲ್ಲಿ ಟೊಳ್ಳಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ಮದುವೆಯಾದಳು," ಎಂದು ದೋಣಿ ನಡೆಸುವ ಭಾವ ಹೇಳಿಕೊಳ್ಳುತ್ತಿದ್ದರು. "ಆಗ ನನಗಿನ್ನೂ ಕೆಲಸ ಸರಿಯಾಗಿ ಬರ್ತಿರಲಿಲ್ಲ," ಎನ್ನುತ್ತಿದ್ದರು ಅಕ್ಕ.

ಬೋರಲು ಬಿದ್ದಿದ್ದ ದೋಣಿ ಅವರದೇ. ಶಾಲೆಯ ಮಕ್ಕಳನ್ನು ಹೊಳೆ ದಾಟಿಸುವುದು ಅದರ ಕೆಲಸ. ಹಿಂದಿನ ಸಲ ತಳ ಬದಲಾಯಿಸಿದಾಗ ಅವಸರಕ್ಕೆ ಒಂದು ಶೀಟು ತಂದಿದ್ದರು. ಅದರ ಮೇಲೆ ಮರೀನ್ ಪ್ಲೈ, ಅಂದರೆ ನೀರಿಗೆ ಜಗ್ಗದ ಹಲಗೆ, ಎಂದು ಅಂದವಾದ ಮೊಹರಿತ್ತು. ನೀರಲ್ಲಿ ನೆನೆದ ಮೇಲೆ ಅದು ಮಳೆಗೆ ಸಿಕ್ಕ ಪುಸ್ತಕದಂತೆ ಉಬ್ಬಿ ಪುಟ ಪುಟವಾಗಿ ಬಿಚ್ಚಿಕೊಂಡಿತು. ಮಕ್ಕಳು ಊಟದ ಡಬ್ಬಿಗಳಲ್ಲಿ ನೀರು ಮೊಗೆದು ಹೊರಗೆಸೆಯುತ್ತ, ಕುಣಿಯುತ್ತ ಶಾಲೆಗೆ ಹೋದರು. ಅವರಿಗೆ ಅಷ್ಟು ಖುಷಿಯಾದ ದಿನ ಇನ್ನೊಂದಿರಲಿಲ್ಲ. ದಡದಲ್ಲಿ ನಿಂತು ನೋಡಿದ ಮುಖ್ಯೋಪಾಧ್ಯಾಯಿನಿಗೆ ಮಾತ್ರ ಖುಷಿಯಾಗಲಿಲ್ಲ. ರಜೆ ಮುಗಿದು ಶಾಲೆ ಶುರುವಾಗುವ ಸೋಮವಾರ ಒಣ ತಳದ ದೋಣಿ ಕಟ್ಟೆಗೆ ಬಂದರೆ ಸರಿ, ಇಲ್ಲದಿದ್ದರೆ ಮಕ್ಕಳ ಸವಾರಿ ಮೋಟಾರು ದೋಣಿಯವನಿಗೆ ಎಂದು ಅವರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಆ ಸವಾರಿ ಹೋದರೆ ಮನೆಯ ಅನ್ನವೇ ಹೋದ ಹಾಗೆ.

ಆ ಸಂಜೆ ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಹಸಿದಿದ್ದ ನಾನು ಮುಚ್ಚಳ ಎತ್ತಿದೆ. ಒಳಗೆ ಮೂರು ಪ್ಲೈವುಡ್ ಚೂರುಗಳು ಏಳುತ್ತ ಮುಳುಗುತ್ತ ಇದ್ದವು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು, ಒಂದಕ್ಕೆ ಕಪ್ಪು.

"ಬೆಂದಿದೆಯಾ ನೋಡಮ್ಮ," ಎಂದರು ಮೂಲೆಯಲ್ಲಿ ಕುಳಿತಿದ್ದ ಅಜ್ಜಿ. ಅವರು ಅಕ್ಕನ ಅತ್ತೆ. "ಬೆಳಗ್ಗೆಯಿಂದ ಬೇಯ್ತಾ ಇದೆ. ಇವಳು ಸೊಸೆಯಾಗಿ ಬಂದ ಮೇಲೆ ನನ್ನ ಪಾತ್ರೆಯಲ್ಲಿ ಅಡುಗೆಗಿಂತ ಹಲಗೆ ಬೆಂದದ್ದೇ ಜಾಸ್ತಿ."

"ಮೊಹರು ಹಾಕೋಕೆ ಶಾಯಿ ಸಾಕು ಅತ್ತೆ," ಎಂದರು ಅಕ್ಕ. "ಅಂಟು ಗಟ್ಟಿ ಇದೆಯಾ ಅಂತ ಹೇಳೋದು ಬಿಸಿನೀರೇ."

ವಿಷಯ ಇಷ್ಟು. ಅಂಗಡಿಯವರು ಮೇಜಿನ ಖಾನೆಯಿಂದ ತೆಗೆದುಕೊಡುವ ಮಾದರಿ ಚೂರನ್ನು ಅಕ್ಕ ನಂಬುತ್ತಿರಲಿಲ್ಲ. ಮೂರು ಅಂಗಡಿಗೂ ಗರಗಸ ಹಿಡಿದುಕೊಂಡೇ ಹೋಗಿ, ಬಡಿದು ಆರಿಸಿದ ಶೀಟಿನ ಒಂದು ಮೂಲೆಯನ್ನೇ ದುಡ್ಡು ಕೊಟ್ಟು ಕತ್ತರಿಸಿ ತಂದಿದ್ದರು. ದೋಣಿಯ ತಳ ತುದಿಗೆ ಹೋಗುತ್ತ ಕಿರಿದಾಗುವುದರಿಂದ ಮೂಲೆಗಳು ಹೇಗೂ ವ್ಯರ್ಥವೇ. ಪೆನ್ಸಿಲ್ ಗುರುತು ಕುದಿಯುವಾಗ ಅಳಿಸಿಹೋದೀತೆಂದು, ಯಾವ ಅಂಗಡಿಯದು ಯಾವುದೆಂದು ತಿಳಿಯಲು ದಾರ ಕಟ್ಟಿದ್ದರು. ಕುದಿಸಿ, ಒಣಗಿಸಿ, ಬೆಳಗ್ಗೆ ನೋಡುವುದು. ಬಿಚ್ಚಿಕೊಳ್ಳದೆ ಉಳಿದದ್ದೇ ದೋಣಿಗೆ.

ಬೆಳಗ್ಗೆ ಅಕ್ಕನ ಕೂಗಿಗೆ ನಾನು ಮಹಡಿಯಿಂದ ಓಡಿ ಬಂದೆ. ಚೂರುಗಳನ್ನು ಒಣಗಲು ಇಟ್ಟಿದ್ದ ಒಲೆಯ ದಂಡೆ ಖಾಲಿ.

"ಅತ್ತೆ, ಇಲ್ಲಿದ್ದ ಚೂರುಗಳೆಲ್ಲಿ?"

"ಎರಡು ಪದರ ಪದರ ಕಿತ್ಕೊಂಡಿದ್ವು. ಒಲೆಗೆ ಹಾಕ್ದೆ, ಚೆನ್ನಾಗಿ ಉರೀತು. ಇನ್ನೊಂದು ಗಟ್ಟಿ ಇತ್ತು. ನೋಡು, ಚಹಾದ ಪಾತ್ರೆ ಅದರ ಮೇಲೇ ಇಟ್ಟಿದ್ದೀನಿ."

ಅಕ್ಕ ಪಾತ್ರೆಯನ್ನು ಎತ್ತಿ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ದಾರವೂ ಇರಲಿಲ್ಲ.

"ದಾರ ಅತ್ತೆ?"

ಅಜ್ಜಿ ಸೆರಗಿನ ಮರೆಯಿಂದ ಒಂದು ಉಂಡೆ ತೆಗೆದರು. ಮನೆಗೆ ಬಂದ ಪೊಟ್ಟಣ, ಹರಿದ ಬಟ್ಟೆ, ಹೂವಿನ ಕಟ್ಟು ಎಲ್ಲದರ ದಾರವನ್ನೂ ಸುತ್ತಿಟ್ಟ ಉಂಡೆ ಅದು. ಪುಟ್ಟ ಮಗುವಿನ ತಲೆಯಷ್ಟಿತ್ತು. "ಒಳ್ಳೇ ದಾರ. ಯಾರಾದ್ರೂ ಬೇಯಿಸಿ ಹಾಳು ಮಾಡ್ತಾರಾ?" ಎಂದರು. ಮೂರು ಬಣ್ಣವೂ ಅದರ ಮೇಲೆ ಸಾಲಾಗಿ ಸುತ್ತಿಕೊಂಡಿದ್ದವು.

ಭಾವ ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ಅಕ್ಕ ಚೂರನ್ನು ದಿಟ್ಟಿಸುತ್ತಲೇ ಇದ್ದರು. "ನಗಬೇಡಿ. ನನ್ನ ಗರಗಸ ಸೊಟ್ಟ ಹೋಗುತ್ತೆ ಅಂತ ಇಷ್ಟು ವರ್ಷ ಆಡ್ಕೊಂಡ್ರಲ್ಲ. ಈ ಸೊಟ್ಟ ಯಾವ ಶೀಟಿನ ಸೊಟ್ಟಕ್ಕೆ ಕೂತ್ಕೊಳ್ಳುತ್ತೋ ಅದೇ ನಮ್ಮ ಶೀಟು. ಏಳಿ ಎಲ್ಲರೂ."

ಹೀಗೆ ನಾವು ನಾಲ್ವರು ಒಂದು ಬೆಂದ ಚೂರನ್ನು ಹಿಡಿದು ಬೀದಿಗಿಳಿದೆವು. ಅಜ್ಜಿ ತಾವೂ ಬರುತ್ತೇನೆಂದು ಹಟ ಹಿಡಿದು ಮುಂದೆ ನಡೆದರು. ಮೊದಲ ಅಂಗಡಿಯ ಗಾಜಿನ ಬಾಗಿಲೊಳಗೆ ಹೋಗಿ, ಮೂಲೆ ಕತ್ತರಿಸಿದ ಶೀಟಿಗೆ ಚೂರನ್ನು ಹಿಡಿದು ನೋಡಿದೆವು. ನಡುವೆ ಹೆಬ್ಬೆರಳು ಹೋಗುವಷ್ಟು ಸಂದು ಬಂತು. ಅಂಗಡಿಯವರು "ಏನು ಹುಡುಕ್ತಿದ್ದೀರಿ?" ಎಂದಾಗ ಭಾವ, "ಈ ಚೂರಿನ ತವರು," ಎಂದರು. ನನಗೆ ಅಲ್ಲಿಂದ ಶುರುವಾದ ನಗು ನಿಲ್ಲಲೇ ಇಲ್ಲ. ಎರಡನೆಯ ಅಂಗಡಿಯಲ್ಲೂ ಚೂರು ಕೂರಲಿಲ್ಲ. ಮೂರನೆಯದು ದಪ್ಪ ಕನ್ನಡಕದ ಮುದುಕರೊಬ್ಬರ ಇಕ್ಕಟ್ಟಿನ ಅಂಗಡಿ.

"ಆ ಶೀಟಾ? ನಿನ್ನೆ ಟೈಲರ್ ಒಯ್ದನಲ್ಲ," ಎಂದರು ಅವರು. "ಬಟ್ಟೆ ಕತ್ತರಿಸೋ ಮೇಜಿಗಂತೆ. ಮೂಲೆ ಹೋಗಿದೆಯಪ್ಪ ಅಂದೆ. ಇರಲಿ ಅಂದ. ಅಂಥದ್ದು ಬೇರೆ ನನ್ನ ಹತ್ತಿರ ಇಲ್ಲ."

ಅಕ್ಕನ ಮುಖದ ಬಣ್ಣ ಇಳಿಯಿತು. ತಳ ಕೂರಿಸಿ, ಅಂಟು ಒಣಗಿಸಿ, ಬಣ್ಣ ಹಚ್ಚುವುದಕ್ಕೆ ಉಳಿದಿದ್ದ ಸಮಯ ಅಷ್ಟಕ್ಕಷ್ಟೇ. ನಡೆಯುವುದನ್ನು ಬಿಟ್ಟು ಓಡತೊಡಗಿದರು.

ಟೈಲರ್ ತನ್ನ ಹೊಸ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿಕೊಂಡು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಅಕ್ಕ ಬಟ್ಟೆಯ ತುದಿ ಎತ್ತಿ ಚೂರನ್ನು ಮೂಲೆಗೆ ಹಿಡಿದರು. ಅದು ಗೆರೆಗೆ ಗೆರೆ ಕೂತುಬಿಟ್ಟಿತು. ಅಕ್ಕ ಬಗ್ಗಿ ಮೇಜನ್ನು ಈ ತುದಿಯಿಂದ ಆ ತುದಿಯವರೆಗೂ ಬಡಿಯುತ್ತ ಹೋದರು. ಎಲ್ಲೂ ಟೊಳ್ಳಿಲ್ಲ. ಎಷ್ಟೋ ದಿನದ ಮೇಲೆ ಸಿಕ್ಕ ತಂಗಿಯನ್ನು ಸವರುವಂತೆ ಮೇಜನ್ನು ಸವರಿದರು.

"ಏನಕ್ಕ, ನನ್ನ ಮೇಜಿಗೆ ಜ್ವರಾನಾ?" ಎಂದ ಟೈಲರ್.

"ಇದು ಮೇಜಲ್ಲಪ್ಪ, ದೋಣಿ. ಬಟ್ಟೆ ಕತ್ತರಿಸೋಕೆ ಕುದಿಯೋ ನೀರಿಗೂ ಜಗ್ಗದ ಹಲಗೆ ಯಾಕೆ ನಿನಗೆ? ನಿನ್ನ ಅಂಗಡಿಗೆ ಹೊಳೆ ಬರುತ್ತಾ?"

"ಬರಲ್ಲ. ಆದ್ರೆ ಚಹಾ ಚೆಲ್ಲುತ್ತೆ."

"ನೀನು ಹೊಲೀತಿರೋದು ನಮ್ಮ ಶಾಲೆ ಮಕ್ಕಳ ಸಮವಸ್ತ್ರ ಅಲ್ವಾ?" ಎಂದೆ ನಾನು, ಟೀಚರ್ ದನಿಯಲ್ಲಿ. "ದೋಣಿ ಇಲ್ಲದಿದ್ರೆ ಮಕ್ಕಳು ಬರೋದು ಹೇಗೆ?"

"ಮೋಟಾರಲ್ಲಿ ಬಂದ್ರೂ ಬಟ್ಟೆ ಹಾಕ್ಕೊಂಡೇ ಬರ್ತಾರೆ ಟೀಚರ್."

ತಪ್ಪು ಅವನದೂ ಅಲ್ಲ. ಅವನಿಗೂ ಸೋಮವಾರದೊಳಗೆ ಬಟ್ಟೆ ಮುಗಿಸಬೇಕಿತ್ತು, ಅದಕ್ಕೆ ಚಪ್ಪಟೆಯಾದ ಒಂದು ಮೇಜು ಬೇಕೇ ಬೇಕು. ಅಕ್ಕ ಬಾಗಿಲ ಬಳಿ ಕುಸಿದು ಕುಳಿತರು. ಅವರು ಏನನ್ನೂ ಬಡಿಯದೆ ಕೂತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಆಗ ಅಜ್ಜಿ ಮುಂದೆ ಬಂದರು. "ಮೇಜಿಗೆ ಎಷ್ಟು ಉದ್ದ ಬೇಕೋ ನಿನಗೆ?"

"ಆಳುದ್ದ ಅಜ್ಜಿ. ಮೊಳಕ್ಕಿಂತ ಜಾಸ್ತಿ ಅಗಲ."

"ನನ್ನ ಕೋಣೆ ಬಾಗಿಲು ಒಯ್ಯಿ. ಒಂದೇ ಹಲಗೆದು, ನಮ್ಮತ್ತೆ ಕಾಲದ್ದು. ಸುತ್ತಿಗೇಲಿ ಹೊಡೆದ್ರೂ ಅಲ್ಲಾಡಲ್ಲ."

"ಅತ್ತೆ, ಬಾಗಿಲು ಇಲ್ಲದೆ ನೀವು ಮಲಗೋದು ಹೇಗೆ?" ಎಂದರು ಅಕ್ಕ.

"ಕದ್ಕೊಂಡು ಹೋಗೋರು ಬಂದ್ರೆ ನನ್ನನ್ನೇ ಒಯ್ಯಲಿ. ಬೆಳಗ್ಗೆ ಅವರೇ ತಂದು ಬಿಡ್ತಾರೆ." ಆಮೇಲೆ ದನಿ ತಗ್ಗಿಸಿ, "ದಾರ ಬಿಚ್ಚಿದ್ದು ನಾನೇ ತಾನೆ," ಎಂದರು.

ಟೈಲರ್ ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು ಕೆಳಗಿಟ್ಟ. "ಬಾಗಿಲ ಜಾಗಕ್ಕೆ ಪರದೆ ನಾನು ಹೊಲಿದುಕೊಡ್ತೀನಿ ಅಜ್ಜಿ. ನೀಲಿ ಬಟ್ಟೆ ಮಿಕ್ಕುತ್ತೆ."

ಆಮೇಲಿನದು ನೆನೆದರೆ ಈಗಲೂ ಹೊಟ್ಟೆ ಹಿಡಿದು ನಗುವಂತಾಗುತ್ತದೆ. ಭಾವ ಮತ್ತು ಟೈಲರ್ ಬಾಗಿಲನ್ನು ತಲೆಯ ಮೇಲೆ ಹೊತ್ತು ಬೀದಿಯ ಆ ಕಡೆಗೆ ಹೋದರು. ಅಕ್ಕ ಮತ್ತು ನಾನು ಪ್ಲೈವುಡ್ ಹೊತ್ತು ಈ ಕಡೆಗೆ ಬಂದೆವು. ನಡುವೆ ಎದುರಾದಾಗ ಯಾರು ಯಾರಿಗೆ ದಾರಿ ಬಿಡಬೇಕೆಂದು ತಿಳಿಯದೆ, ಬಾಗಿಲು ಮತ್ತು ಪ್ಲೈವುಡ್ ಬೀದಿಗೆ ಅಡ್ಡಲಾಗಿ ಸಿಕ್ಕಿಕೊಂಡವು. ಸೈಕಲ್ಲಿನವರೊಬ್ಬರು ಇಳಿದು ಬಾಗಿಲು ತಟ್ಟಿ, "ಮನೇಲಿ ಯಾರಿದ್ದೀರಿ?" ಎಂದರು. ಅಡಿಯಿಂದ ಭಾವ, "ಯಾರೂ ಇಲ್ಲ, ನಾಳೆ ಬನ್ನಿ," ಎಂದರು. ಅಕ್ಕ ನಗುವಿಗೆ ಕೈ ಸೋತು ಶೀಟನ್ನು ಕೆಳಗಿಳಿಸಿಯೇಬಿಟ್ಟರು.

ಮುಂದಿನ ದಿನಗಳಲ್ಲಿ ನಗುವುದಕ್ಕೂ ಬಿಡುವಿರಲಿಲ್ಲ. ಅಕ್ಕ ಕೊಳೆತ ತಳವನ್ನು ಕಿತ್ತು, ಶೀಟನ್ನು ದೋಣಿಯ ಆಕಾರಕ್ಕೆ ಕತ್ತರಿಸಿದರು. ಮೂಲೆ ಹೋಗಿದ್ದ ಜಾಗ ದೋಣಿಯ ಮೂಗಿನ ಪಕ್ಕ ಬಂದು, ಹೇಗೂ ಕತ್ತರಿಸಿ ತೆಗೆಯುವ ಭಾಗದಲ್ಲೇ ಸೇರಿಹೋಯಿತು. ನೀರು ಮೊದಲು ನುಗ್ಗುವುದೇ ಕತ್ತರಿಸಿದ ಅಂಚಿನಿಂದ. ಆದ್ದರಿಂದ ಅಂಚಿಗೆಲ್ಲ ಎರಡೆರಡು ಸಲ ಅಂಟು ಕುಡಿಸಿದರು. ಹಿಡಿದುಕೊಳ್ಳುವುದು, ಒರೆಸುವುದು, ಅಕ್ಕ ಬಡಿಯುವಾಗ ಉಸಿರು ಬಿಗಿಹಿಡಿದು ಸುಮ್ಮನಿರುವುದು ನನ್ನ ಪಾಲಿನ ಕೆಲಸ.

ಸೋಮವಾರ ಕಟ್ಟೆಯಲ್ಲಿ ದೋಣಿ ನೀರಿಗಿಳಿಯಿತು. ಅಕ್ಕ ತಳದ ಉದ್ದಕ್ಕೂ ಹಳೆಯ ಪತ್ರಿಕೆಗಳನ್ನು ಹಾಸಿದರು. ಒಂದು ಹನಿ ನುಗ್ಗಿದರೂ ಕಾಗದ ಹೇಳಿಬಿಡುತ್ತದೆ. ಅಜ್ಜಿ ಎಲ್ಲರಿಗಿಂತ ಮೊದಲು ಹತ್ತಿ ಮೂಗಿನ ಬಳಿ ಕುಳಿತರು, ನಾನು ಅವರ ಪಕ್ಕ. ಹೊಸ ನೀಲಿ ಬಟ್ಟೆಯ ಮಕ್ಕಳು ಊಟದ ಡಬ್ಬಿಗಳನ್ನು ಆಗಲೇ ಖಾಲಿ ಮಾಡಿ, ನೀರು ಮೊಗೆಯಲು ಸಜ್ಜಾಗಿ ಕೂತರು. ಭಾವ ಹುಟ್ಟು ಹಾಕಿದರು. ಅಕ್ಕ ದಡದಲ್ಲೇ ನಿಂತು ಕಟ್ಟೆಯ ಕಂಬವನ್ನು ಬಡಿಯುತ್ತಿದ್ದರು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ.

ಆಚೆ ದಡದಲ್ಲಿ ಮುಖ್ಯೋಪಾಧ್ಯಾಯಿನಿ ದೋಣಿಯೊಳಗೆ ಬಗ್ಗಿ ಒಂದು ಪತ್ರಿಕೆ ಎತ್ತಿದರು. ಬೆರಳಿನಿಂದ ಸವರಿದರು. ಹಿಂದೆ ತಿರುಗಿಸಿ ಸವರಿದರು. ಹಾಸಿದಾಗಿನಂತೆಯೇ ಗರಿಗರಿಯಾಗಿತ್ತು. ಅದರಲ್ಲಿದ್ದ ಸುದ್ದಿಯನ್ನೇ ಓದುತ್ತ ಶಾಲೆಯ ಕಡೆ ನಡೆದರು. ನಿರಾಸೆಯಾದದ್ದು ಮಕ್ಕಳಿಗೆ ಮಾತ್ರ.

"ಒಂಚೂರೂ ನೀರಿಲ್ವಾ ಟೀಚರ್?" ಎಂದು ಒಬ್ಬಳು ಮುಖ ಸಪ್ಪೆ ಮಾಡಿಕೊಂಡು ಕೇಳಿದಳು.

ಅಜ್ಜಿಯ ಕೋಣೆಗೆ ಈಗ ನೀಲಿ ಪರದೆ ಇದೆ. ಟೈಲರ್ ಮೇಜಿನ ಅಂಚಿನಲ್ಲಿ ಉಳಿದ ಹಳೆಯ ಚಿಲಕಕ್ಕೆ ಕತ್ತರಿ ನೇತುಹಾಕುತ್ತಾನೆ. ಬೆಂದ ಮೂಲೆಯ ಮೇಲೆ ಚಹಾದ ಪಾತ್ರೆ ಕೂರುತ್ತದೆ. ಭಾವ ಮಕ್ಕಳನ್ನು ದಾಟಿಸುತ್ತಾರೆ. ಟಕ್‌ಟಕ್ ಅಕ್ಕ ಅದೇ ಶೆಡ್ಡಿನಲ್ಲಿ ದೋಣಿ ರಿಪೇರಿ ಮಾಡುತ್ತಾರೆ. ಈ ವಾರ ಮೋಟಾರು ದೋಣಿಯವನ ದೋಣಿಗೆ ಹೊಸ ತಳ ಹಾಕುತ್ತಿದ್ದಾರೆ.