ಬಿಳಿಯಕ್ಕ ತೊಳೆದ ಹಕ್ಕಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು, ಬೇಕಾದಾಗ ಬೇಕಾದ ಪದ ಸಿಗುವುದಿಲ್ಲ. ಸಿಕ್ಕಿದ್ದನ್ನು ಎರಡು ಸಲ ಯೋಚಿಸಿ ಬರೆದಿದ್ದೇನೆ. ಇದು ನನ್ನ ದೊಡ್ಡಮ್ಮನ ಕಥೆ. ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಬಿಳಿಯಕ್ಕ ಎನ್ನುತ್ತಾರೆ, ಇಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ. ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಉಳಿದದ್ದು ಅವಳೂ ದೊಡ್ಡಪ್ಪನೂ ಹೇಳಿದ್ದು.

ಬಿಳಿಯಕ್ಕನ ಮೈಬಣ್ಣ ಬಿಳಿಯೇನಲ್ಲ. ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳದು ಬಿಳಿ ವಿಭಾಗ. ಮೇಲುಹಾಸು, ದಿಂಬಿನ ಚೀಲ, ಟವೆಲ್ಲು, ಮೇಜಿನ ಬಟ್ಟೆ, ಬಿಳಿಯದೆಲ್ಲ ಅವಳ ಕೈ ದಾಟಿಯೇ ಯಂತ್ರಕ್ಕೆ ಹೋಗಬೇಕು. ಕಲೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಮ್ಮೆ ಮೂಸಿ, ಇದು ಕಾಫಿ, ಇದು ರಕ್ತ, ಇದು ತುಟಿಯ ಬಣ್ಣ ಎಂದು ಬೇರೆ ಬೇರೆ ರಾಶಿ ಮಾಡುತ್ತಾಳೆ. ರಕ್ತಕ್ಕೆ ತಣ್ಣೀರು, ಜಿಡ್ಡಿಗೆ ಬಿಸಿನೀರು. ಎಲ್ಲ ಮುಗಿದ ಮೇಲೆ, ಕೊನೆಯ ಸಲ ಜಾಲಿಸುವ ನೀರಿಗೆ ಗುಲಾಬಿ ಬಣ್ಣದ ಒಂದು ದ್ರಾವಣವನ್ನು ಮುಚ್ಚಳದಷ್ಟು ಹಾಕುತ್ತಾರೆ. ಬಟ್ಟೆ ಮೆತ್ತಗಾಗುತ್ತದೆ, ಘಮ್ಮೆನ್ನುತ್ತದೆ. ಲಾಂಡ್ರಿಯಲ್ಲಿ ಅದಕ್ಕೆ ‘ಮೆದು’ ಎಂದೇ ಹೆಸರು. ಈ ಕ್ರಮ ಬಿಳಿಯಕ್ಕನಿಗೆ ಎಷ್ಟು ರೂಢಿಯೆಂದರೆ, ಬಾಯಿ ಬೇರೆ ಮಾತಾಡುತ್ತಿದ್ದರೂ ಕೈ ತನ್ನ ಪಾಡಿಗೆ ಕೆಲಸ ಮುಗಿಸಿರುತ್ತದೆ.

ಮನೆಯಲ್ಲೂ ಅಷ್ಟೇ. ಎದುರು ಬಂದವರ ಮುಖಕ್ಕಿಂತ ಮೊದಲು ಅವರ ಕಾಲರು ಅವಳಿಗೆ ಕಾಣುತ್ತದೆ. ದೊಡ್ಡಪ್ಪ ಅದೇ ಲಾಂಡ್ರಿಯ ವ್ಯಾನು ಓಡಿಸುತ್ತಾರೆ. "ನನ್ನ ಜೊತೆ ಇವಳು ಆಡಿದ ಮೊದಲನೇ ಮಾತೇ, ‘ನಿಮ್ಮ ಜೇಬಿನ ಕೆಳಗೆ ಶಾಯಿ ಸೋರಿದೆ’ ಅಂತ. ಆಮೇಲೆ ಶರಟಿನ ಜೊತೆ ನನ್ನನ್ನೂ ಇಟ್ಕೊಂಡ್ಬಿಟ್ಟಳು," ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಬಿಳಿಯಕ್ಕ ನಗುವುದಿಲ್ಲ. "ಆ ಶಾಯಿ ಪೂರ್ತಿ ಹೋಯ್ತೋ ಇಲ್ವೋ ಹೇಳಿ," ಎನ್ನುತ್ತಾಳೆ.

ಒಂದು ದಿನ ಬೆಳಗಿನ ಜಾವದಿಂದ ಮಳೆ ಸುರಿದು ನಿಂತಿತ್ತು. ಲಾಂಡ್ರಿಯ ಹಿಂದೆ ವ್ಯಾನು ನಿಲ್ಲಿಸುವ ಅಂಗಳಕ್ಕೆ ಆಗಷ್ಟೇ ಹೊಸ ಡಾಂಬರು ಬಿದ್ದಿತ್ತು. ಕಪ್ಪು ನೆಲದ ಮೇಲೆ ತೆಳ್ಳಗೆ ನೀರು ನಿಂತು ಮೋಡವೆಲ್ಲ ಅದರಲ್ಲಿ ಕಾಣುತ್ತಿತ್ತು. ಬಿಳಿಯಕ್ಕ ಬಾಗಿಲು ತೆಗೆದಾಗ ಅಂಗಳದ ನಡುವೆ ಒಂದು ಕಂದು ಮುದ್ದೆ ಇತ್ತು. ಯಾವುದೋ ಕಾಲೊರಸು ಎಂದುಕೊಂಡು ಎತ್ತಲು ಹೋದಳು. ಕಾಲೊರಸು ಕುತ್ತಿಗೆ ಎತ್ತಿ ಅವಳನ್ನು ನೋಡಿತು.

ಹಕ್ಕಿ. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕೆಂಗಂದು ಕುತ್ತಿಗೆ, ಚೂಪು ಕೊಕ್ಕು, ಬಾಯಿಯ ಮೂಲೆಯಲ್ಲಿ ತಿಳಿಹಳದಿ ಬೊಟ್ಟು. ಓಡಲು ನೋಡಿತು, ಆಗಲಿಲ್ಲ. ಎರಡು ಹೆಜ್ಜೆ ಹಾಕಿ ಎದೆಯ ಮೇಲೆ ಬಿತ್ತು. ಬಾಯ್ಲರಿನಿಂದ ಸೋರಿದ ಎಣ್ಣೆಯ ಕೊಚ್ಚೆಯಲ್ಲಿ ಒದ್ದಾಡಿರಬೇಕು, ಒಂದು ಪಕ್ಕವೆಲ್ಲ ಕಪ್ಪಗೆ ಮೆತ್ತಿಕೊಂಡಿತ್ತು.

ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಇಸ್ತ್ರಿಯಣ್ಣ ಹೊರಗೆ ಬಂದು ಇಣುಕಿದ. "ಕಾಲು ಮುರಿದಿದೆ ಅಕ್ಕಾ. ನೋಡು, ಎಲ್ಲೋ ಬಾಲದ ಹತ್ತಿರ ಹೋಗಿ ಅಂಟ್ಕೊಂಡಿದೆ."

"ಮುರಿದಿದ್ರೆ ಎರಡೂ ಒಂದೇ ಥರ ಮುರಿಯುತ್ತಾ? ಅದು ಇರೋದೇ ಹಾಗೇನೋ."

"ಹಾಗಾದ್ರೆ ಮಾಡಿದವನು ಅವಸರದಲ್ಲಿ ಜೋಡಿಸಿದ್ದಾನೆ."

ಬಿಳಿಯಕ್ಕ ಹಳೆಯ ಟವೆಲ್ಲು ಹಾಕಿ ಹಕ್ಕಿಯನ್ನು ಎತ್ತಿಕೊಂಡಳು. ಅದು ಹೆಬ್ಬೆರಳಿಗೆ ಒಂದು ಕೊಟ್ಟಿತು. ಅವಳು ಬೆರಳು ನೋಡಿಕೊಳ್ಳಲಿಲ್ಲ, ಗರಿಯ ಜಿಡ್ಡನ್ನೇ ನೋಡುತ್ತಿದ್ದಳು. ಜಿಡ್ಡು ಕಂಡ ಮೇಲೆ ಅವಳು ಸುಮ್ಮನೆ ಕೂರುವುದುಂಟೇ? ತೊಟ್ಟಿಗೆ ಬೆಚ್ಚನೆಯ ನೀರು ಬಿಟ್ಟಳು, ಸೌಮ್ಯವಾದ ಸೋಪು ಕಲಸಿದಳು, ಗರಿ ಹರಿಯುವ ದಿಕ್ಕಿನಲ್ಲೇ ಬೆರಳಾಡಿಸಿ ತೊಳೆದಳು. ಇಸ್ತ್ರಿಯಣ್ಣ ಪಕ್ಕದಲ್ಲಿ ನಿಂತು ಹರಟೆ ಹೊಡೆಯುತ್ತಿದ್ದ. ಕಪ್ಪು ನೀರು ಹೋಗಿ ಬೂದು ನೀರಾಯಿತು, ಬೂದು ಹೋಗಿ ತಿಳಿಯಾಯಿತು. ಬೇರೆ ನೀರಿನಲ್ಲಿ ಜಾಲಿಸಿದಳು. ಆಮೇಲೆ ಅವಳ ಬಲಗೈ ಕಪಾಟಿಗೆ ಹೋಯಿತು, ಗುಲಾಬಿ ಡಬ್ಬಿ ತೆಗೆಯಿತು, ಒಂದು ಮುಚ್ಚಳ ‘ಮೆದು’ ಬಗ್ಗಿಸಿತು.

ಗಾಳಿಗೆ ಒಣಗಿದ ಹಕ್ಕಿ ಹತ್ತಿಯ ಉಂಡೆಯಂತೆ ಉಬ್ಬಿಕೊಂಡಿತು. ಕೆಲಸದವರೆಲ್ಲ ಬಂದು ನೋಡಿದರು. ಇಸ್ತ್ರಿಯಣ್ಣ ಮೂಗು ಹತ್ತಿರ ತಂದು, "ಹೋಟೆಲ್ ರೂಮಿನ ವಾಸನೆ. ಮಡಚಿ ಕೊಡು, ಇಸ್ತ್ರಿ ನಾನು ಮಾಡ್ತೀನಿ," ಎಂದ.

ಮಧ್ಯಾಹ್ನದ ಸರದಿ ಮುಗಿದ ಮೇಲೆ ದೊಡ್ಡಪ್ಪ ವ್ಯಾನನ್ನು ಊರಾಚೆಯ ಕೆರೆಯ ಕಡೆ ತಿರುಗಿಸಿದರು. ಇಂಥದೇ ಹಕ್ಕಿಗಳು ಅಲ್ಲಿ ನೀರಿನಲ್ಲಿ ಮುಳುಗೇಳುವುದನ್ನು ಅವರು ನೋಡಿದ್ದರು. ಬಿಳಿಯಕ್ಕನ ತೊಡೆಯ ಮೇಲೆ ಬಟ್ಟೆಯ ಬುಟ್ಟಿ, ಬುಟ್ಟಿಯೊಳಗೆ ಹಕ್ಕಿ.

ದಡದ ಮೆಟ್ಟಿಲಲ್ಲಿ ಕೂತು ಅವಳು ಬುಟ್ಟಿ ಓರೆ ಮಾಡಿದಳು. ಹಕ್ಕಿ ನೀರಿಗೆ ಜಾರಿತು, ಸರಸರ ಸ್ವಲ್ಪ ದೂರ ಹೋಯಿತು. ಬಿಳಿಯಕ್ಕನಿಗೆ ಸಮಾಧಾನವಾಯಿತು. ಆದರೆ ಆ ಸಮಾಧಾನ ಕೂರುವ ಮೊದಲೇ ಎದ್ದು ಹೋಯಿತು. ಹಕ್ಕಿಯ ಬೆನ್ನು ನೀರಿಗೆ ಇಳಿಯುತ್ತಿತ್ತು. ಮುಳುಗು ಹಾಕುವ ಹಾಗಲ್ಲ, ಒದ್ದೆ ಟವೆಲ್ಲು ನಿಧಾನಕ್ಕೆ ತಳ ಸೇರುವ ಹಾಗೆ. ಬೆನ್ನು ಹೋಯಿತು, ಭುಜ ಹೋಯಿತು, ಕುತ್ತಿಗೆಯೊಂದು ಕಡ್ಡಿಯಂತೆ ಮೇಲೆ ಉಳಿದು ಅತ್ತಿತ್ತ ಆಡುತ್ತಿತ್ತು.

"ರೀ, ಅದು ಮುಳುಗ್ತಾ ಇದೆ."

"ನೀರಿನ ಹಕ್ಕಿ ಕಣೇ, ಮುಳುಗೋದೇ ಅದರ ಕೆಲಸ."

"ಅದು ಮುಳುಗೋದಲ್ಲ. ನೆನೀತಾ ಇದೆ."

ದೊಡ್ಡಪ್ಪ ಇನ್ನೊಂದು ಸಲ ನೋಡಿ, ಚಪ್ಪಲಿ ಬಿಟ್ಟು, ಪ್ಯಾಂಟಿನ ಸಮೇತ ನೀರಿಗೆ ಇಳಿದರು. ಎದೆಮಟ್ಟದ ನೀರಿನಲ್ಲಿ ಹಕ್ಕಿ ಅವರ ಕೈಗೆ ಸಿಕ್ಕಿತು. ಅದು ಕಚ್ಚಲೂ ಇಲ್ಲ. ಬಿಳಿಯಕ್ಕನ ಮಡಿಲಿಗೆ ಬಂದಾಗ ಗಡಗಡ ನಡುಗುತ್ತಿತ್ತು, ಗರಿ ಮೈಗೆ ಅಂಟಿ ಅರ್ಧಕ್ಕರ್ಧ ಸಣ್ಣದಾಗಿತ್ತು. ಅದರ ಮೈಯಿಂದ ಗುಲಾಬಿ ಡಬ್ಬಿಯ ಘಮ ಏಳುತ್ತಿತ್ತು.

ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಬಿಳಿಯಕ್ಕನಿಗೆ ಎಲ್ಲ ಗೊತ್ತಾಯಿತು. ಮಳೆಕೋಟಿಗೆ ‘ಮೆದು’ ಹಾಕಬಾರದು. ಹಾಕಿದರೆ ಕೋಟು ನೀರು ತಡೆಯುವುದನ್ನು ಬಿಟ್ಟು ಕುಡಿಯಲು ಶುರು ಮಾಡುತ್ತದೆ. ಲಾಂಡ್ರಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಅವಳು ಹೇಳಿಕೊಡುವ ಪಾಠ ಅದು. ಈ ಹಕ್ಕಿ ಹುಟ್ಟಿದ್ದೇ ಮಳೆಕೋಟು ತೊಟ್ಟುಕೊಂಡು. ಅದನ್ನು ತನ್ನ ಕೈಯಾರೆ ಹಾಳು ಮಾಡಿ, ನೀರಿಗೆ ಬಿಟ್ಟು, ಕೂತು ನೋಡಿದ್ದಳು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಾನೀಲಿ ಬಿತ್ತಂತೆ," ಎಂದಳು. ವ್ಯಾನು ಮನೆಯ ಕಡೆ ತಿರುಗಿತು. ಒಣ ಟವೆಲ್ಲಿನೊಳಗೆ ಆ ಪುಟ್ಟ ಎದೆ ಬಡಿಯುವುದು ಅವಳ ಅಂಗೈಗೆ ತಿಳಿಯುತ್ತಿತ್ತು. ಬಡಿಯುವುದು ನಿಂತರೆ ಅದಕ್ಕೆ ಕಾರಣ ಈ ಅಂಗೈಯೇ ಎಂಬುದೂ ತಿಳಿದಿತ್ತು.

ಮನೆ ಸೇರಿ, ಪಶು ಆಸ್ಪತ್ರೆಯಲ್ಲಿ ಹಕ್ಕಿಗಳನ್ನು ನೋಡುವ ಡಾಕ್ಟರಿಗೆ ದೊಡ್ಡಪ್ಪ ಫೋನು ಹಚ್ಚಿ ಅವಳ ಕೈಗೆ ಕೊಟ್ಟರು. ಬಿಳಿಯಕ್ಕ ಏನೊಂದೂ ಮುಚ್ಚಿಡದೆ ಹೇಳಿದಳು. ಆ ಕಡೆ ಹೆಂಗಸಿನ ದನಿ, ಗದರಲಿಲ್ಲ.

"ಅದು ಗುಳುಮುಳುಕ. ಕಾಲು ಅಷ್ಟು ಹಿಂದೆ ಇರೋದು ಈಜೋಕೆ ಅಂತಲೇ. ನೀರಿನ ಮೇಲೆ ಓಡ್ಕೊಂಡು ಹೋದ್ರೇನೇ ಅದಕ್ಕೆ ಹಾರೋಕಾಗೋದು, ನೆಲದಿಂದ ಏಳೋಕಾಗಲ್ಲ. ನಿಮ್ಮ ಒದ್ದೆ ಅಂಗಳಾನ ಕೆರೆ ಅಂದ್ಕೊಂಡು ಇಳಿದಿರುತ್ತೆ."

"ನಾನು ಮಾಡಿದ್ದಕ್ಕೆ ಏನು ಮಾಡ್ಲಿ ಹೇಳಿ ಡಾಕ್ಟ್ರೇ."

"ಎಣ್ಣೆ ತೆಗೆದಿದ್ದು ಒಳ್ಳೇದಾಯ್ತು. ಈಗ ಆ ದ್ರಾವಣ ಒಂಚೂರೂ ಉಳೀದ ಹಾಗೆ ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ. ತಿಕ್ಕಬೇಡಿ. ಎದೆ ಹುಣ್ಣಾಗದ ಹಾಗೆ ದಪ್ಪಗೆ ಮೆತ್ತನೆ ಹಾಸಿ ಬೆಚ್ಚಗಿಡಿ. ಆಮೇಲೆ ಅದೇ ಕೊಕ್ಕಲ್ಲಿ ಗರಿ ಸರಿಮಾಡ್ಕೊಳ್ಳುತ್ತೆ. ನೀವು ಮಾತ್ರ ಕೈ ಹಾಕಬೇಡಿ, ಪದೇ ಪದೇ ಇಣುಕಲೂಬೇಡಿ. ನಾಳೆಗೂ ಗರಿ ನೀರು ಹಿಡಿದ್ರೆ ಇಲ್ಲಿಗೆ ತನ್ನಿ. ಊಟ ಇಲ್ದೆ ಬಹಳ ಹೊತ್ತು ತಡೆಯೋ ಜೀವ ಅಲ್ಲ ಅದು."

ಬಚ್ಚಲಲ್ಲಿ ಬಿಳಿಯಕ್ಕ ಜಾಲಿಸಿದಳು. ನೀರು ಚೆಲ್ಲುವುದು, ಹೊಸ ನೀರು, ಮತ್ತೆ ಚೆಲ್ಲುವುದು. ಪ್ರತಿ ಸಲವೂ ತೊಟ್ಟಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿದಳು. ಘಮ ಪೂರ್ತಿ ಹೋಗಿ ಬರೀ ನೀರಿನ ವಾಸನೆ ಉಳಿದ ಮೇಲೂ ಇನ್ನೊಂದು ಸಲ ಜಾಲಿಸಿದಳು. ಹತ್ತು ಮಡಿಕೆ ಟವೆಲ್ಲು ಹಾಸಿದ ಬುಟ್ಟಿಯಲ್ಲಿ ಹಕ್ಕಿಯನ್ನು ಇಟ್ಟು, ಮೇಲೆ ತೆಳು ಬಟ್ಟೆ ಮುಚ್ಚಿ, ಕೋಣೆಯ ಬಾಗಿಲು ಎಳೆದುಕೊಂಡಳು.

ಕಷ್ಟ ಶುರುವಾದದ್ದು ಆಮೇಲೆ. ಕೈ ಕಟ್ಟಿ ಕೂರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಸಂಜೆ ನಾನು ಅವರ ಮನೆಗೆ ಹೋದಾಗ ಅಡುಗೆಮನೆಯ ಬಟ್ಟೆಗಳೆಲ್ಲ ಒಗೆದು ತಂತಿಯ ಮೇಲಿದ್ದವು, ಕಿಟಕಿಯ ಪರದೆಗಳನ್ನೂ ಬಿಚ್ಚಿದ್ದಳು. ದೊಡ್ಡಪ್ಪ ಹಾಕಿಕೊಂಡಿದ್ದ ಶರಟಿನ ಮೇಲೂ ಅವಳ ಕಣ್ಣು ಬಿದ್ದಿತ್ತು.

"ಇದನ್ನ ಬಿಟ್ಬಿಡೇ, ಮೈಮೇಲಿರೋದು ಇದೊಂದೇ," ಎಂದರು ದೊಡ್ಡಪ್ಪ.

"ಒಂದೇ ಒಂದು ಸಲ ಬಾಗಿಲು ತೆಗೀಲಾ?"

"ಡಾಕ್ಟ್ರು ಏನಂದ್ರು?"

"ಬೇಡ ಅಂದ್ರು."

"ಮತ್ತೆ?"

ಬಿಳಿಯಕ್ಕ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಒಳಗೆ ಸದ್ದೇ ಇರಲಿಲ್ಲ. "ಸತ್ತಿದ್ರೆ?" ಎಂದಳು ಮೆಲ್ಲಗೆ. ದೊಡ್ಡಪ್ಪ ಬಂದು ಅವಳ ಪಕ್ಕದಲ್ಲೇ ಕೂತರು. ಇಬ್ಬರೂ ಅಂಗಡಿ ಬಾಗಿಲು ತೆಗೆಯಲಿ ಎಂದು ಕಾಯುವ ಗಿರಾಕಿಗಳ ಹಾಗೆ ಕಾಣುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಒಂದು ಸಣ್ಣ ಸದ್ದು ಬಂತು, ಯಾರೋ ಕಾಗದವನ್ನು ಉಗುರಿನಲ್ಲಿ ಗೀರಿದ ಹಾಗೆ. ನಿಂತಿತು, ಮತ್ತೆ ಬಂತು. ಹಕ್ಕಿ ಗರಿ ತಿದ್ದಿಕೊಳ್ಳುತ್ತಿತ್ತು. ಬಿಳಿಯಕ್ಕ ಎರಡೂ ಕೈಗಳನ್ನು ಮಂಡಿಯ ಕೆಳಗೆ ಇಟ್ಟುಕೊಂಡು ಆ ಸದ್ದು ಕೇಳುತ್ತಾ ಕೂತಳು.

ಬೆಳಿಗ್ಗೆ ಬಟ್ಟೆ ಸರಿಸಿದಾಗ ಹಕ್ಕಿ ಕುತ್ತಿಗೆ ನೆಟ್ಟಗೆ ಮಾಡಿ ಬುಸುಗುಟ್ಟಿತು. ಬಿಳಿಯಕ್ಕ ಬೆರಳು ಒದ್ದೆ ಮಾಡಿಕೊಂಡು ಅದರ ಬೆನ್ನಿನ ಮೇಲೆ ಒಂದು ಹನಿ ಬೀಳಿಸಿದಳು. ಹನಿ ತಾವರೆ ಎಲೆಯ ಮೇಲಿನ ನೀರಿನಂತೆ ಉರುಳಿ ಟವೆಲ್ಲಿಗೆ ಬಿತ್ತು. ಅವಳಿಗೆ ನಂಬಿಕೆ ಬರಲಿಲ್ಲ. ತೊಟ್ಟಿ ತುಂಬಿಸಿ, ಅದರಲ್ಲಿ ಬಿಟ್ಟು, ಅನ್ನ ಬೇಯುವಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹಕ್ಕಿ ಬೆಂಡಿನ ಹಾಗೆ ತೇಲಿತು. ಎತ್ತಿ ಎದೆಯ ಗರಿ ಬಿಡಿಸಿ ನೋಡಿದರೆ ಒಳಗಿನ ತುಪ್ಪುಳ ಒಣಗಿಯೇ ಇತ್ತು.

"ಇವತ್ತು ಬುಟ್ಟಿ ಓರೆ ಮಾಡೋದು ನೀವೇ," ಎಂದಳು ಕೆರೆಯ ಮೆಟ್ಟಿಲಲ್ಲಿ.

"ಯಾಕೆ? ಕೈಗೇನಾಗಿದೆ?"

"ಬೇಡ."

"ಅತಿಯಾದ್ರೆ ಅಮೃತಾನೂ ವಿಷ ಅಂತಾರೆ. ಹಾಗಂತ ಬಡಿಸೋ ಕೈಯನ್ನೇ ಕತ್ತರಿಸ್ಕೊತಾರೇನೇ? ನಿನ್ನೆ ಕೆಡಿಸಿದ್ದೂ ನೀನೇ, ಜಾಲಿಸಿದ್ದೂ ನೀನೇ. ಹಿಡಿ."

ಅವಳು ಬುಟ್ಟಿ ಹಿಡಿದಳು, ನೀರಿನ ಮಟ್ಟಕ್ಕೆ ತಂದಳು, ಓರೆ ಮಾಡಿದಳು. ಹಕ್ಕಿ ಇಳಿಯಿತು. ಒಂದು ಗಳಿಗೆ ತೇಲುತ್ತಾ ನಿಂತು, ತಲೆ ಬಗ್ಗಿಸಿ, ಇದ್ದಕ್ಕಿದ್ದ ಹಾಗೆ ನೀರೊಳಗೆ ಹೋಯಿತು. ಹೋದ ಜಾಗದಲ್ಲಿ ಒಂದು ಉಂಗುರ ಅಗಲವಾಯಿತು, ಅದೂ ಅಳಿಸಿಹೋಯಿತು. ಬಿಳಿಯಕ್ಕ ಆ ಜಾಗವನ್ನೇ ನೋಡುತ್ತಿದ್ದಳು. ದೊಡ್ಡಪ್ಪ ಈ ಸಲ ಮೊದಲೇ ಚಪ್ಪಲಿ ಬಿಟ್ಟಿದ್ದರು. ನೀರು ಅಲುಗಲಿಲ್ಲ. ಅವಳು ಉಸಿರು ಹಿಡಿದಿದ್ದಳು. ಹಕ್ಕಿ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ತಾನೂ ಹಿಡಿಯಬೇಕು ಎನ್ನುವ ಹಾಗೆ.

"ಅಲ್ಲಿ," ಎಂದರು ದೊಡ್ಡಪ್ಪ.

ದೂರದಲ್ಲಿ, ಜೊಂಡಿನ ಅಂಚಿನಲ್ಲಿ, ಅದು ಮೇಲೆ ಬಂದಿತ್ತು. ಕೊಕ್ಕಿನಲ್ಲಿ ಏನೋ ಬೆಳ್ಳಗೆ ಮಿಂಚುತ್ತಿತ್ತು. ಎರಡು ಸಲ ತಲೆ ಕೊಡವಿ ನುಂಗಿತು. ಬೆನ್ನು ನೀರಿನ ಮೇಲೆ ಎತ್ತರಕ್ಕೆ, ಒಣಗಿ, ದುಂಡಗೆ ಇತ್ತು. ಜೊಂಡಿನೊಳಗಿನಿಂದ ಅಂಥದೇ ಇನ್ನೊಂದು ಹಕ್ಕಿ ಕಿಲಕಿಲನೆ ಕೂಗಿತು, ಇದು ಆ ಕಡೆ ತಿರುಗಿತು. ಬಿಳಿಯಕ್ಕ ಉಸಿರು ಬಿಟ್ಟು, ಖಾಲಿ ಬುಟ್ಟಿಯನ್ನು ಕೆರೆಯ ನೀರಿನಲ್ಲಿ ತೊಳೆಯದೆ ಹಾಗೇ ಎತ್ತಿಕೊಂಡಳು.

ಆ ಕೆರೆಯನ್ನು ಇನ್ನೊಂದು ಸಲ ನೋಡಬೇಕು ಎಂದು ಅವಳು ನಿನ್ನೆ ಹೇಳಿದಳು. ಬರುವ ರಜೆಯ ದಿನವೂ ದೊಡ್ಡಪ್ಪನಿಗೆ ವ್ಯಾನಿನ ಕೆಲಸವಿದೆ. ಅಂದು ನಾನು ಅವಳ ಜೊತೆ ಹೋಗುತ್ತೇನೆ.