ತೊಂಬತ್ತಾರು ಪರ್ಸೆಂಟಿನ ಊರಿನಲ್ಲಿ ಒಣಗಿದ ಮೊಟ್ಟೆಗಳು

ಕೀಲುಂಗ್ ಬಂದರಿನ ಮೇಲಿನ ಗುಡ್ಡದ ಹವಾಮಾನ ಕಚೇರಿಯಲ್ಲಿ ಥಿಯಾಮ್‌ಚಾಯ್ ಮೂವತ್ತಾರು ವರ್ಷ ಮಾಡಿದ ಕೆಲಸ ಇಷ್ಟೇ: ಬಿಳಿ ಬಣ್ಣದ ಮರದ ಗೂಡಿನ ಬಾಗಿಲು ತೆಗೆದು, ಒಳಗೆ ಅಕ್ಕಪಕ್ಕ ನೇತಾಡುವ ಎರಡು ಥರ್ಮಾಮೀಟರ್ ನೋಡುವುದು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತಿತ್ತು, ಇನ್ನೊಂದಕ್ಕೆ ಇಲ್ಲ. ಎರಡರ ನಡುವಿನ ವ್ಯತ್ಯಾಸ ಹಿಡಿದು ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಬರೆದಿಡಬೇಕು. ಕೀಲುಂಗಿನಲ್ಲಿ ಅದು ಹೆಚ್ಚುಕಡಿಮೆ ಯಾವಾಗಲೂ ತೊಂಬತ್ತರ ಆಸುಪಾಸು. "ಕಿಟಕಿಯಿಂದ ಕೈ ಹೊರಗೆ ಹಾಕಿದ್ರೂ ಅಷ್ಟು ಗೊತ್ತಾಗ್ತಿತ್ತು. ಅದಕ್ಕೇ ನನಗೆ ಪಿಂಚಣಿ ಕೊಡ್ತಿದ್ದಾರೆ," ಎಂದು ಅವನೇ ಹೇಳಿಕೊಂಡು ನಗುತ್ತಾನೆ.

ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಅವನಿಗೆ ಹುಟ್ಟುಗುಣವೇನಲ್ಲ. ಹೆಂಡತಿ ಸೋಖಿಂಗ್ ಕಲಿಸಿದ್ದು. ಮದುವೆಯಾದ ವರ್ಷವೇ ಅವನ ಮದುವೆಯ ಬೂಟಿಗೆ ಬೂಸಲು ಹಿಡಿದಾಗ ಅವಳು ಅದನ್ನು ಊಟದ ಮೇಜಿನ ಮೇಲೆ ತಂದಿಟ್ಟು, "ತೇವದ ಪಂಡಿತರೇ, ನಿಮ್ಮ ಬೂಟಿಗೆ ಗಡ್ಡ ಬಂದಿದೆ, ನೋಡಿ," ಎಂದಿದ್ದಳು. ಬೇರೆಯವರು ನಗುವ ಮೊದಲು ನಾವೇ ನಕ್ಕುಬಿಟ್ಟರೆ ನೋವು ಅರ್ಧಕ್ಕಿಳಿಯುತ್ತದೆ ಎಂದು ಅವನು ಅಂದೇ ತಿಳಿದುಕೊಂಡ. ಆದರೆ ಜಂಬ ಮಾತ್ರ ಅರ್ಧಕ್ಕಿಳಿಯಲಿಲ್ಲ.

ಆ ಜಂಬವೇ ಈ ಕಥೆಯ ಮೂಲ. ವಸಂತದಲ್ಲಿ ಅಪ್ಪ ಅಮ್ಮನ ಗೋರಿ ಗುಡಿಸಿ ಪೂಜೆ ಮಾಡಿ ಬಂದ ದಿನದ ಊಟದಲ್ಲಿ, ಎರಡು ಲೋಟ ಹೆಚ್ಚಾಗಿದ್ದಾಗ ಅವನು ಅಕ್ಕನೆದುರು ಒಂದು ಮಾತು ಬಿಟ್ಟ. ಮೊಟ್ಟೆ ಮರಿ ಮಾಡಿಸುವುದರಲ್ಲಿ ಕೋಳಿಯದ್ದೇನೂ ಹೆಚ್ಚುಗಾರಿಕೆಯಿಲ್ಲ. ಬಿಸಿಯನ್ನು ಕಾವಿನ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಉಳಿಯುವುದು ತೇವ ಒಂದೇ. ತೇವ ಎಂದರೆ ತನಗೆ ನೀರು ಕುಡಿದ ಹಾಗೆ.

ಅಕ್ಕನ ಹೆಸರು ಬೊಂಗ್‌ಛಿ. ಎಪ್ಪತ್ತಾರರ ಹೆಂಗಸು. ಹೆಣ್ಣು ಹುಟ್ಟಿತಲ್ಲ ಎಂದು ಬೇಸತ್ತ ಅಪ್ಪಂದಿರು ಆ ಕಾಲದಲ್ಲಿ ಇಡುತ್ತಿದ್ದ ಹೆಸರದು. 'ಹೇಗೋ ಸಾಕೋಣ ಬಿಡಿ' ಎಂದು ಅದರರ್ಥ. ಗುಡ್ಡದಾಚೆ ಅವಳ ಮನೆ, ಹಿತ್ತಿಲಲ್ಲಿ ಕೋಳಿಗಳು. ಕರಿಗಾಲಿನ, ಕೆಂಚು ಪುಕ್ಕದ ಆ ಕೋಳಿಗಳು ಈಲಾನ್ ಊರಿನ ಅವಳ ತವರುಮನೆಯಿಂದ ಬಂದ ಸಂತತಿ. ಅಮ್ಮನ ಕೋಳಿಗಳು ಎಂದೇ ಮನೆಯಲ್ಲಿ ಅವಕ್ಕೆ ಹೆಸರು.

ಊಟವಾದ ಹತ್ತನೇ ದಿನ ಬೊಂಗ್‌ಛಿ ಬಸ್ಸಿಳಿದು ಬಂದಳು. ಕೈಯಲ್ಲಿ ಅನ್ನ ಮಾಡುವ ಕುಕ್ಕರಿನ ಪಾತ್ರೆ, ಅದರೊಳಗೆ ಟವೆಲ್, ಟವೆಲಿನೊಳಗೆ ಒಂಬತ್ತು ಮೊಟ್ಟೆ.

"ಬೀದಿನಾಯಿಗಳು ನುಗ್ಗಿ ಹುಂಜವನ್ನೂ ಹೇಂಟೆಗಳನ್ನೂ ಮುಗಿಸಿಬಿಟ್ವು ಕಣೋ. ಉಳಿದಿರೋದು ಮೊಟ್ಟೆ ಇಡೋದು ನಿಲ್ಲಿಸಿರೋ ಒಂದು ಮುದುಕಿ, ಮತ್ತೆ ಇವು. ಇವೂ ಹೋದ್ರೆ ಅಮ್ಮನ ಕೋಳಿ ಅಲ್ಲಿಗೆ ಮುಗೀತು. ಅವತ್ತು ದೊಡ್ಡದಾಗಿ ಹೇಳಿದ್ಯಲ್ಲ, ತಗೋ, ಮರಿ ಮಾಡು."

"ಅಕ್ಕಾ, ಅದು ಕುಡಿದಾಗ ಆಡಿದ ಮಾತು..."

"ಕುಡಿಯದೆ ಇದ್ದಾಗ ನೀನು ಕೆಲಸಕ್ಕೆ ಬರೋ ಮಾತು ಯಾವಾಗ ಆಡಿದ್ದೆ?"

ಥಿಯಾಮ್‌ಚಾಯ್ ಅಂದೇ ಹೋಗಿ ಗಾಜಿನಂಥ ಮುಚ್ಚಳದ ಕಾವಿನ ಪೆಟ್ಟಿಗೆ ಕೊಂಡು ತಂದ. ಹಿರಿಯರ ಪೂಜೆಯ ಕೋಣೆಯಲ್ಲಿ ಮೇಜಿನ ಮೇಲೆ ಇಟ್ಟ. ಆ ಕೋಣೆಯಲ್ಲಿದ್ದ ತೇವ ಹೀರುವ ಯಂತ್ರವನ್ನು ಮೊದಲು ಹೊರಗೆ ಸಾಗಿಸಿದ. ಕೀಲುಂಗಿನವರಿಗೆ ಅದಿಲ್ಲದೆ ಸಂಸಾರವಿಲ್ಲ. ಬೇರೆ ಊರಿನವರು ನೆಂಟರು ಬರುವ ಮುನ್ನ ಕಸ ಗುಡಿಸಿದರೆ ನಮ್ಮವರು ಆ ಯಂತ್ರ ಹಾಕಿ ಕೋಣೆ ಒಣಗಿಸುತ್ತಾರೆ, ಗಳಿಗೆಗೊಮ್ಮೆ ಅದರ ಬಕೆಟ್ಟಿನ ನೀರು ಚೆಲ್ಲುತ್ತಾರೆ. ಮೊಟ್ಟೆಯಿದ್ದಲ್ಲಿ ಅದು ಬೇಡವೆಂಬ ಬುದ್ಧಿ ಅವನಿಗಿತ್ತು. ಬರೀ ಇದ್ದರೆ ಸಾಲದು, ಇಪ್ಪತ್ತೊಂದು ದಿನ ಇರಬೇಕಿತ್ತು.

ಪೆಟ್ಟಿಗೆಯೊಳಗಿನ ಎರಡು ತೊಟ್ಟಿಗಳಲ್ಲಿ ಒಂದಕ್ಕೆ ನೀರು ಹಾಕಿ ಎಂದು ಅದರ ಜೊತೆ ಬಂದ ಚೀಟಿಯಲ್ಲಿತ್ತು. "ಈ ಊರಲ್ಲಿ ನೀರು ಬೇರೆ ಹಾಕ್ಬೇಕಾ? ಗಾಳಿ ಹಿಂಡಿದ್ರೆ ಎರಡು ಲೋಟ ಬರುತ್ತೆ," ಎಂದು ಅವನು ಹಾಕಲಿಲ್ಲ. ಒಂದು ಗಂಟೆ ಬಿಟ್ಟು ನೋಡಿದರೆ ಪೆಟ್ಟಿಗೆಯ ತೇವದ ಮಾಪಕ ಮೂವತ್ತಾರು ತೋರಿಸುತ್ತಿದೆ. ಬೇಕಾದದ್ದು ಐವತ್ತು. ಮಾಪಕ ಕೆಟ್ಟಿದೆ ಎಂದು ಅಂಗಡಿಯವನಿಗೆ ಫೋನು ಮಾಡಿ ಗದರಿದ. ಫೋನಿಟ್ಟ ಮೇಲೆ ಹೊಳೆಯಿತು: ಅದೇ ಗಾಳಿಯನ್ನು ಕಾಯಿಸಿದರೆ ಅದು ಒಣಗಾಳಿಯಾಗುತ್ತದೆ. ಕಚೇರಿಗೆ ಹೊಸದಾಗಿ ಸೇರಿದ ಹುಡುಗರಿಗೆಲ್ಲ ಮೊದಲ ದಿನ ಅವನೇ ಹೇಳಿಕೊಡುತ್ತಿದ್ದ ಪಾಠ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಸೋಖಿಂಗ್, ಲೋಟದಲ್ಲಿ ನೀರು ತಂದುಕೊಡುತ್ತಾ.

ಅಲ್ಲಿಂದ ಮುಂದೆ ಅವನು ತಪ್ಪು ಮಾಡಲಿಲ್ಲ. ಕಚೇರಿಯಲ್ಲಿದ್ದಂಥದೇ ರಿಜಿಸ್ಟರ್ ಇಟ್ಟ. ದಿನಕ್ಕೆ ಮೂರು ಸಲ ತೇವ ಬರೆದ, ಮೂರು ಸಲ ಮೊಟ್ಟೆ ಹೊರಳಿಸಿದ. ಹತ್ತನೇ ದಿನ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದಾಗ ಒಂಬತ್ತರಲ್ಲಿ ಏಳರೊಳಗೆ ಕೆಂಪು ನರಗಳ ನಡುವೆ ಏನೋ ಮಿಸುಕಾಡುತ್ತಿತ್ತು. ಕಚೇರಿಯಲ್ಲಿ ಮೂವತ್ತಾರು ವರ್ಷ ಬರೆದ ಒಂದು ಅಂಕಿಯಾದರೂ ಮಿಸುಕಾಡಿರಲಿಲ್ಲ. ಉಳಿದೆರಡನ್ನು ತೆಗೆದಿಟ್ಟ. ಹದಿನೆಂಟನೇ ದಿನ ಎರಡೂ ತೊಟ್ಟಿಗೆ ನೀರು ತುಂಬಿ ತೇವ ಎಪ್ಪತ್ತಕ್ಕೆ ಏರಿಸಿ ಮುಚ್ಚಳ ಹಾಕಿದ. ಇನ್ನು ತೆಗೆಯುವಂತಿಲ್ಲ. ಚಿಪ್ಪು ಒಡೆಯುವ ಹೊತ್ತಿನಲ್ಲಿ ತೇವ ಇಳಿದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ, ಮರಿ ತಿರುಗಲಾರದೆ ಒಳಗೇ ಸಾಯುತ್ತದೆ. ಇದನ್ನು ಅವನು ಫೋನಿನಲ್ಲಿ ಅಕ್ಕನಿಗೆ ಅರ್ಧ ಗಂಟೆ ವಿವರಿಸಿದ. ಅವಳು ಕೇಳಿ, "ಕೋಳಿಗೆ ಗೊತ್ತು ಕಣೋ ಅದು," ಎಂದಳು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಏಳಕ್ಕೆ ನಾಲ್ಕು ಚಿಪ್ಪುಗಳಲ್ಲಿ ಸಣ್ಣ ತೂತು. ಥಿಯಾಮ್‌ಚಾಯ್ ಕುಣಿಯುವುದೊಂದು ಬಾಕಿ. ಅಕ್ಕನಿಗೆ ಫೋನು ಮಾಡಿದ. ಹನ್ನೊಂದರ ಬಸ್ಸಿಗೆ ಬರುತ್ತೇನೆ ಎಂದಳು. ಬರುವವಳು ಅಕ್ಕ, ಅವಳ ಬಾಯಿ ಗೊತ್ತಿದ್ದದ್ದೇ. ಅವನು ಕೋಣೆ ಒಪ್ಪ ಮಾಡಲು ಶುರುಮಾಡಿದ. ಹಿರಿಯರ ಪೀಠ ಒರೆಸಿದ, ಅಗರಬತ್ತಿಯ ಬೂದಿ ಚೆಲ್ಲಿದ, ರಿಜಿಸ್ಟರನ್ನು ಅವಳ ಕಣ್ಣಿಗೆ ಬೀಳುವಂತೆ ತೆರೆದಿಟ್ಟ.

ಒಂಬತ್ತೂವರೆಗೆ ಮಾಪಕ ಐವತ್ತೆಂಟು. ಹತ್ತಕ್ಕೆ ಐವತ್ತೊಂದು. ಹತ್ತೂವರೆಗೆ ನಲವತ್ನಾಲ್ಕು.

"ಸೋಖಿಂಗ್! ಮುಚ್ಚಳ ತೆಗೆದ್ಯಾ?"

"ನಾನ್ಯಾಕ್ರೀ ತೆಗೀಲಿ?"

"ಬಗ್ಗಿ ನೋಡೋ ನೆಪದಲ್ಲಿ ಒಂಚೂರು ಎತ್ತಿರ್ತೀಯ. ನಿನ್ನ ಕೈ ಸುಮ್ನೆ ಇರಲ್ಲ ಅಂತ ನನಗೆ ಗೊತ್ತು!"

"ನಾನು ಮುಟ್ಟಿದ್ರೆ ನನ್ನ ಕೈ ಬಿದ್ದುಹೋಗ್ಲಿ. ಮೂರು ದಿನದಿಂದ ಆ ಕೋಣೆಯೊಳಗೆ ಉಸಿರಾಡೋಕೂ ನಿಮ್ಮನ್ನ ಕೇಳ್ತಿದ್ದೀನಿ."

ಅವನು ಹಳೆಯ ಕಚೇರಿಗೆ ಫೋನು ಹಚ್ಚಿದ. ಹೊರಗೆ ತೊಂಬತ್ತಾರು ಪರ್ಸೆಂಟ್ ಸಾರ್, ಮಳೆ ಬರ್ತಿದೆಯಲ್ಲ, ಎಂದ ಅಲ್ಲಿಯ ಹುಡುಗ. ಇಡೀ ಊರು ನೀರಿನಲ್ಲಿ ನೆನೆಯುತ್ತಿದೆ, ಈ ಒಂದು ಕೋಣೆ ಮಾತ್ರ ಮರಳುಗಾಡು. ಮಾಪಕವನ್ನು ಬೈದ, ಪೆಟ್ಟಿಗೆಯನ್ನು ಬೈದ, ಪೆಟ್ಟಿಗೆ ಮಾರಿದವನ ಮನೆತನವನ್ನು ಬೈದ. ಸೋಖಿಂಗ್ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು.

"ರೀ, ಒಂದು ನಿಮಿಷ ಬಾಯಿ ಮುಚ್ಚಿ. ಅದೇನು ಗುಂಯ್ ಅನ್ನೋದು?"

ಪೀಠದ ಪಕ್ಕದ ಮೂಲೆಯಲ್ಲಿ ತೇವ ಹೀರುವ ಯಂತ್ರ ಓಡುತ್ತಿತ್ತು.

ಅಕ್ಕ ಬಂದರೆ ಮುಗ್ಗಲು ವಾಸನೆ ಎನ್ನುತ್ತಾಳೆಂದು ಎಂಟು ಗಂಟೆಗೆ ಅದನ್ನು ಹಜಾರದಿಂದ ಒಳಗೆ ತಂದು ಗುಂಡಿ ಒತ್ತಿದವನು ಅವನೇ. ತಾನು ಒತ್ತಿದ್ದು ಅವನಿಗೆ ನೆನಪೇ ಇರಲಿಲ್ಲ. ತಲೆಯನ್ನು ಕೇಳದೆ ಕೈ ಮಾಡಿದ ಕೆಲಸ. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಒಂಬತ್ತೂವರೆಗೆ ಬಕೆಟ್ ತುಂಬಿ ಯಂತ್ರ ಕೂಗಿದಾಗ, ಅದೇ ಕೈ ಆ ನೀರನ್ನು ಕಾವಿನ ಪೆಟ್ಟಿಗೆಯ ಮುಂದಿನಿಂದಲೇ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದು, ಬಕೆಟ್ಟನ್ನು ಮತ್ತೆ ಜೋಡಿಸಿತ್ತು.

ಬಾಗಿಲಲ್ಲಿ ಬೊಂಗ್‌ಛಿ ಕೊಡೆ ಕೊಡವುತ್ತಿದ್ದಳು.

"ಅಕ್ಕಾ," ಎಂದ ಥಿಯಾಮ್‌ಚಾಯ್. ನಗೆಯ ಮಾತೊಂದು ಹುಡುಕಿದ, ಸಿಗಲಿಲ್ಲ. "ನಾನೇ ಕೊಂದುಬಿಟ್ಟೆ ಅಕ್ಕಾ."

ಅವಳು ಯಂತ್ರ ನೋಡಿದಳು, ತಮ್ಮನ ಮುಖ ನೋಡಿದಳು. ಕೊಡೆ ಮೂಲೆಗಿಟ್ಟು ಯಂತ್ರ ಆರಿಸಿದಳು. "ಸೋಖಿಂಗ್, ಇರೋ ಪಾತ್ರೆಯಲ್ಲೆಲ್ಲ ನೀರು ಕಾಯಿಸಿ ಇಲ್ಲಿ ತಂದಿಡು. ಕಿಟಕಿ ಮುಚ್ಚು. ನೀನು ಕೈ ತೊಳ್ಕೊಂಡು ಬಾರೋ."

ಹತ್ತು ನಿಮಿಷದಲ್ಲಿ ಕೋಣೆ ಬಿಸಿನೀರಿನ ಬಚ್ಚಲಾಯಿತು. ಗೋಡೆಯ ಮೇಲಿನ ಅಪ್ಪನ ಫೋಟೊದ ಗಾಜು ಬೆವರಿತು. ಆಗ ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದಳು. ಥಿಯಾಮ್‌ಚಾಯ್ ಅಯ್ಯೋ ಎಂದ, ಅವಳು ಕೇಳಿಸಿಕೊಳ್ಳಲಿಲ್ಲ. ಬೆಚ್ಚನೆಯ ನೀರಿಗೆ ಬೆರಳು ಅದ್ದಿ, ತೂತಿನ ಅಂಚಿನಲ್ಲಿ ಕಾಗದದಂತೆ ಬಿಗಿದಿದ್ದ ಪೊರೆಯ ಮೇಲೆ ಸವರಿದಳು. ಕೊಕ್ಕಿಗೆ ನೀರು ಹೋಗದಂತೆ ಸುತ್ತ ಮಾತ್ರ. "ಹೀಗೆ. ಒಣಗಿದ ಹಾಗೆಲ್ಲ. ಕೀಳೋಕೆ ಹೋಗ್ಬೇಡ."

ತೂತು ಕಾಣದ ಮೂರು ಮೊಟ್ಟೆಗಳನ್ನು ಅವಳು ಕಿವಿಗೆ ಹಿಡಿದಳು. ಒಂದೊಂದನ್ನೂ ಬಹಳ ಹೊತ್ತು ಹಿಡಿದಿದ್ದು, ಪೆಟ್ಟಿಗೆಗೆ ಮರಳಿಸದೆ ಹೊರಗೆ ಟವೆಲಿನ ಮೇಲೆ ಇಟ್ಟಳು.

ಮಧ್ಯಾಹ್ನದ ಹೊತ್ತಿಗೆ ಎರಡು ಮರಿಗಳು ಹೊರಗೆ ಬಿದ್ದವು. ಉಳಿದೆರಡು ಅಂಟಿಕೊಂಡೇ ಇದ್ದವು. ಅಕ್ಕ ಒಂದನ್ನು ನೋಡಿಕೊಂಡಳು, ತಮ್ಮ ಒಂದನ್ನು. ಬೆರಳು ಅದ್ದುವುದು, ಸವರುವುದು.

"ಹವಾಮಾನ ಇಲಾಖೆಗೆ ಬರೀತೀನಿ, ನನ್ನ ಪಿಂಚಣಿ ವಾಪಸ್ ತಗೊಳ್ಳಿ ಅಂತ," ಎಂದ ಅವನು. ಯಾರೂ ನಗಲಿಲ್ಲ. "ಪುಸ್ತಕದ ಬದನೆಕಾಯಿ ನಾನು. ಅಮ್ಮ ಉಳಿಸಿಕೊಂಡು ಬಂದದ್ದನ್ನ ಒಂದು ಗುಂಡಿ ಒತ್ತಿ..."

"ಅಮ್ಮ ಎಲ್ಲಿ ಉಳಿಸಿದ್ಲು?" ಎಂದಳು ಬೊಂಗ್‌ಛಿ, ಮೊಟ್ಟೆಯಿಂದ ಕಣ್ಣೆತ್ತದೆ. "ನಿನಗೆ ಗೊತ್ತಿಲ್ಲ. ನೀನು ಹುಟ್ಟಿದಾಗ ಬಾಣಂತಿ ಸಾರಿಗೆ ಅಂತ ಅಪ್ಪ ಮನೆಯ ಕೋಳಿಯನ್ನೆಲ್ಲ ಒಂದೊಂದೇ ಕೊಯ್ದ. ಗಂಡುಮಗ ಅಂದ್ರೆ ಸುಮ್ನೇನಾ? ಎಳ್ಳೆಣ್ಣೆ, ಶುಂಠಿ, ಅಕ್ಕಿ ಸಾರಾಯಿ, ಬೀದಿಯೆಲ್ಲ ಘಮಘಮ. ಕೊನೆಗೆ ಉಳಿದದ್ದು ಕಾವು ಕೂತಿದ್ದ ಒಂದು ಹೇಂಟೆ. ಅದನ್ನೂ ಎಬ್ಬಿಸಿ ಕೊಯ್ದ."

"ಕಾವು ಕೂತಿದ್ದನ್ನಾ?"

"ಕೋಳಿ ಕೇಳಿ ಮಸಾಲೆ ಅರೀತಾರಾ? ಇನ್ನು ಎರಡು ಮೂರು ದಿನಕ್ಕೆ ಒಡೆಯೋ ಮೊಟ್ಟೆಗಳು. ಎಸೆದು ಬಾ ಅಂತ ನನ್ನ ಕೈಗೆ ಕೊಟ್ಟ. ನನಗೆ ಎಂಟು ವರ್ಷ. ಐದನ್ನ ಬಚ್ಚಿಟ್ಕೊಂಡೆ. ಬಿಸಿನೀರಿನ ಜಾಡಿ ಜೊತೆ ರಜಾಯಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದೆ. ಜಾಡಿ ಪಕ್ಕ ಇಟ್ಟದ್ದಕ್ಕೆ ಒಣಗಿಹೋದ್ವು, ಇದೇ ಥರ. ಬೆರಳು ಅದ್ದಿ ಅದ್ದಿ ಸವರಿದೆ. ಒಂದು ಬದುಕ್ತು. ಹೆಣ್ಣು ಮರಿ. ಆಮೇಲೆ ಪಕ್ಕದ ಮನೆ ಹುಂಜ ಇತ್ತು. ಅಮ್ಮನ ಕೋಳಿ ಅಮ್ಮನ ಕೋಳಿ ಅಂತೀರಲ್ಲ, ಅವೆಲ್ಲ ಅದರ ಸಂತಾನ. ನಿನ್ನಿಂದ ಇವಕ್ಕೆ ಇದು ಎರಡನೇ ಗಂಡಾಂತರ."

ಬಾಣಂತಿ ಸಾರಿಗೆ ಹನ್ನೆರಡು ಕೋಳಿ ಎಂದು ಅಪ್ಪ ಮೀಸೆ ತಿರುವಿ ಹೇಳುತ್ತಿದ್ದದ್ದು ಥಿಯಾಮ್‌ಚಾಯ್‌ಗೆ ನೆನಪಿತ್ತು. ಅದನ್ನು ಅವನೂ ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದ. ಅಕ್ಕ ಎದುರಿಗಿದ್ದಾಗಲೂ ಹೇಳಿಕೊಂಡಿದ್ದ.

ಅವಳ ಕೈಯಲ್ಲಿದ್ದ ಮೊಟ್ಟೆ ಬಿರಿಯಿತು. ಒದ್ದೆ ಮುದ್ದೆಯಂಥ ಮರಿ ಕಾಲು ಚಾಚಿ ಬಿದ್ದು ಕಿರುಚಿತು. ಅವಳು ಅದನ್ನು ಇನ್ನೆರಡರ ಪಕ್ಕ ಸರಿಸಿದಳು.

"ಆ ಸಾರು ನಿನಗೆ ಕೊಟ್ರಾ ಅಕ್ಕಾ?"

"ಒಂದು ರೆಕ್ಕೆ ಕೊಟ್ರು. ನಾನು ತಿನ್ನಲಿಲ್ಲ."

"ನನ್ನ ಮೇಲೆ ಸಿಟ್ಟು ಬಂದಿರ್ಬೇಕು."

"ಬಂತು. ಬರದೆ ಇರುತ್ತಾ? ಆದ್ರೆ ಅಮ್ಮ ಏಳೋ ಹಾಗಿರಲಿಲ್ಲ, ರಾತ್ರಿಯೆಲ್ಲ ನಿನ್ನನ್ನ ಎತ್ಕೊಂಡಿದ್ದವಳು ನಾನೇ. ಒಂದು ಕೈಲಿ ಮರಿ, ಒಂದು ಕೈಲಿ ನೀನು. ಇಬ್ಬರೂ ಒಂದೇ ಥರ ಕಿರುಚ್ತಿದ್ರಿ. ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತು ಎಲ್ಲಿತ್ತು?"

ಥಿಯಾಮ್‌ಚಾಯ್‌ಗೆ ಕಣ್ಣು ತುಂಬಿ ಎದುರಿನ ಮೊಟ್ಟೆ ಮಸುಕಾಯಿತು. ಅದರೊಳಗಿನ ಕೊಕ್ಕು ಎರಡು ಸಲ ಕುಟ್ಟಿ ಸುಮ್ಮನಾಯಿತು.

"ಅಳೋದು ಆಮೇಲೆ ಅಳು," ಎಂದಳು ಬೊಂಗ್‌ಛಿ. "ಬೆರಳು ಒಣಗಿದೆ ನೋಡು. ಅದ್ದು."