ಉಮ್ಮನ ಸೊಂಟದ ಬೀಗದಕೈ ಮತ್ತು ಹಜ್ಜಾಳ ಬೆಳ್ಳಿ

ಇಡೀ ಸೌದಿ ಅರೇಬಿಯಾದಲ್ಲಿ ಮೆಷಿನ್ ಹಿಡಿದು ನೆಲದಡಿಯ ಬೆಳ್ಳಿ ತೆಗೆದ ಹದಿನಾಲ್ಕು ವರ್ಷದ ಬ್ಯಾರಿ ಹುಡುಗಿ ನಾನೊಬ್ಬಳೇ. ಬೇರೆ ಯಾರಾದರೂ ಇದ್ದರೆ ಮುಂದೆ ಬರಲಿ, ಎರಡನೇ ಸ್ಥಾನ ಕೊಡುತ್ತೇನೆ. ಈಗ ಮಂಗಳೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿರುವ ನನಗೆ ಹೇಳಿಕೊಳ್ಳಲು ಇರುವ ಸಾಧನೆ ಇದೊಂದೇ. ಆದ್ದರಿಂದ ಸ್ವಲ್ಪ ಉಬ್ಬಿಸಿಯೇ ಹೇಳುತ್ತೇನೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀವೇ ಒತ್ತಿಕೊಂಡು ಓದಿ.

ನನ್ನ ಬಾಪ ಅಲ್ಲಿನ ಹಾಯಿಲ್ ಎಂಬ ಊರಿನಲ್ಲಿ ನೀರಿನ ಪೈಪು ಹಾಕುವ ಕಂಪೆನಿಯಲ್ಲಿದ್ದರು. ಅಲ್ಲಿ ಒಂದು ದಿನ ಗಾಳಿ ಬೀಸಿದರೆ ರಸ್ತೆ ಬದಿಯ ವಾಲ್ವುಗಳ ಕಬ್ಬಿಣದ ಮುಚ್ಚಳಗಳೆಲ್ಲ ಮರಳಿನಡಿ ಮಾಯ. ಅವನ್ನು ಹುಡುಕುವುದಕ್ಕೆ ಕಂಪೆನಿಯಲ್ಲೊಂದು ಮೆಷಿನ್ ಇತ್ತು. ಉದ್ದದ ಕೋಲು, ಕೋಲಿನ ತುದಿಗೆ ನೀರುದೋಸೆಯಷ್ಟು ಅಗಲದ ತಟ್ಟೆ, ಹಿಡಿಯ ಹತ್ತಿರ ಒಂದು ಡಬ್ಬಿ. ತಟ್ಟೆಯ ಕೆಳಗೆ ಲೋಹ ಸಿಕ್ಕಿದರೆ ಡಬ್ಬಿ ಕುಂಯ್ ಎಂದು ಅಳುತ್ತಿತ್ತು. ಅದನ್ನು ಹಿಡಿದು ನಡೆಯುವಾಗ ಬಾಪನ ಮುಖದಲ್ಲಿ ಡಾಕ್ಟರರ ಗಾಂಭೀರ್ಯ ಬರುತ್ತಿತ್ತು. ಭೂಮಿಗೆ ಸ್ಟೆತಸ್ಕೋಪ್ ಇಟ್ಟು, "ಉಸಿರು ಎಳೆ" ಎನ್ನುವುದೊಂದು ಬಾಕಿ.

ನಾವು ಬಾಡಿಗೆಗೆ ಇದ್ದದ್ದು ಒಂದು ಸಿಮೆಂಟಿನ ಮನೆಯ ಕೆಳಗಡೆ. ಮೇಲ್ಗಡೆ ಮನೆಯ ಮಾಲೀಕ, ಅವನ ತಾಯಿ. ಹಜ್ ಮಾಡಿ ಬಂದ ತಾಯಿಯನ್ನು ಎಲ್ಲರೂ ಹಜ್ಜಾ ಎನ್ನುತ್ತಿದ್ದರು. ಎಷ್ಟು ವಯಸ್ಸೋ ಅವಳಿಗೇ ಗೊತ್ತಿರಲಿಲ್ಲ. ಮುಖದ ಗೆರೆ ಎಣಿಸಿ ಹೇಳುವುದಾದರೆ ಇನ್ನೂರ ಹತ್ತು. ಆ ಊರಿನಲ್ಲಿ ನಮ್ಮವರ ಶಾಲೆ ಇಲ್ಲದ್ದರಿಂದ ನಾನು ಎರಡು ವರ್ಷ ಮನೆಯಲ್ಲೇ ಓದಿದೆ, ಎಂದರೆ ಟೆರೇಸಿನಲ್ಲಿ ಹಜ್ಜಾಳ ಬಳಿ ಕುಳಿತು ಅರಬಿ ಕಲಿತೆ. ಉಮ್ಮನಿಗೆ, ಎಂದರೆ ನನ್ನ ಅಮ್ಮನಿಗೆ, ಅರಬಿ ಬಾರದು, ಹಜ್ಜಾಳಿಗೆ ಬ್ಯಾರಿ ಬಾರದು. ಆದರೂ ಇಬ್ಬರೂ ದಿನಕ್ಕೆ ಮೂರು ಗಂಟೆ ಮಾತಾಡುತ್ತಿದ್ದರು. ಇವಳು ಮೀನಿನ ರೇಟು ಹೇಳಿದರೆ ಅವಳು ಮೊಣಕಾಲಿನ ನೋವು ಹೇಳುವಳು. ಕೊನೆಗೆ ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟು ಖರ್ಜೂರ ತಿನ್ನುವರು. ನಾನು ನಡುವೆ ಕುಳಿತು ಎರಡೂ ಕಡೆಯಿಂದ ಖರ್ಜೂರ ಪಡೆಯುವ ದುಭಾಷಿ. (ಅವರಾಡಿದ್ದನ್ನೆಲ್ಲ ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಉಮ್ಮನ ಬೈಗುಳ ಇದರಿಂದ ಸ್ವಲ್ಪ ಸಪ್ಪೆಯಾಗಿದೆ.)

ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹಜ್ಜಾ ಮದುವೆಯಾಗಿ ಬಂದ ಹಳೆಯ ಮಣ್ಣಿನ ಮನೆ ಇತ್ತು. ಹತ್ತು ವರ್ಷದಿಂದ ಖಾಲಿ, ಮಾಡು ಅರ್ಧ ಕುಸಿದಿತ್ತು. ರಸ್ತೆ ಅಗಲ ಮಾಡಲು ಅದನ್ನು ಶನಿವಾರ ಬೆಳಿಗ್ಗೆ ಬುಲ್ಡೋಜರ್ ಬಂದು ಕೆಡವುವುದೆಂದು ತೀರ್ಮಾನವಾಯಿತು. ಸುದ್ದಿ ಬಂದ ದಿನ ಹಜ್ಜಾ ಖರ್ಜೂರ ತಿನ್ನಲಿಲ್ಲ. ಮರುದಿನವೂ ತಿನ್ನಲಿಲ್ಲ. ಮೂರನೆಯ ದಿನ ನನ್ನ ಕಿವಿ ಹಿಡಿದು ಹತ್ತಿರ ಎಳೆದು, "ಯಾ ಬಿಂತ್, ಏ ಹುಡುಗಿ, ನಿನ್ನಪ್ಪನ ಹತ್ತಿರ ಮಣ್ಣಿನ ಒಳಗೆ ನೋಡುವ ಮೆಷಿನ್ ಉಂಟು ಅಂದಿದ್ದೆಯಲ್ಲ. ಅದು ಬೆಳ್ಳಿ ನೋಡ್ತದಾ?" ಎಂದು ಕೇಳಿದಳು.

"ಬೆಳ್ಳಿಯಾ? ಅದು ಚಂದ್ರನನ್ನೇ ಹಿಡಿದೀತು," ಎಂದೆ. ಬಾಪ ಅದರಿಂದ ವಾಲ್ವು ಬಿಟ್ಟು ಬೇರೇನೂ ಹುಡುಕಿರಲಿಲ್ಲ.

ಆಗ ಹಜ್ಜಾ ಮೆಲ್ಲನೆ ಹೇಳಿದಳು. ಮದುವೆಯಲ್ಲಿ ಅವಳಿಗೆ ಒಂದು ಬೆಳ್ಳಿಯ ಸೊಂಟಪಟ್ಟಿ, ಎರಡು ಜೊತೆ ಬಳೆ, ನಾಣ್ಯ ಪೋಣಿಸಿದ ಒಂದು ಸರ ಬಂದಿತ್ತು. ಮೊದಲ ಮಗು ಹುಟ್ಟಿದ ವರ್ಷ ಗಂಡ ದೂರ ವ್ಯಾಪಾರಕ್ಕೆ ಹೋದಾಗ ಕಳ್ಳರ ಹೆದರಿಕೆಗೆ ಅದನ್ನೆಲ್ಲ ಚರ್ಮದ ಚೀಲದಲ್ಲಿ ಕಟ್ಟಿ ಹೆಂಗಸರ ಕೋಣೆಯ ನೆಲದಲ್ಲಿ ಹೂತಿದ್ದಳು. ಆಮೇಲೆ ಆರು ಮಕ್ಕಳ ಗಲಾಟೆಯಲ್ಲಿ ಆ ಕೋಣೆಯಲ್ಲಿ ಯಾವ ಜಾಗವೆಂದೇ ಮರೆತುಹೋಯಿತು.

"ಮಗನಿಗೆ ಹೇಳಿದ್ದೀರಾ?" ಎಂದೆ.

"ಬೆಳ್ಳಿ ಉಂಟು ಅಂತ ಹೇಳ್ತೇನೆ, ಇಲ್ಲದಿದ್ದರೆ ಮೆಷಿನ್ ಬರುವುದಿಲ್ಲ. ಹೆಂಗಸರ ಕೋಣೆಯಲ್ಲಿ ಉಂಟು ಅಂತ ಹೇಳುವುದಿಲ್ಲ," ಎಂದಳು ಹಜ್ಜಾ. "ನನ್ನ ಕಾಲಿನ ಬೆಳ್ಳಿ ಕಡಗ ತೆಗೆದುಕೊಂಡು ಹೋಗಿ ಚಿನ್ನದ ಬಳೆ ತಂದುಕೊಟ್ಟ. ಪ್ರೀತಿಯಿಂದಲೇ ತಂದದ್ದು. ಈಗ ಎಲ್ಲರೂ ಚಿನ್ನವೇ ಹಾಕುವುದಂತೆ. ಆ ಕಡಗ ನನ್ನ ಉಮ್ಮ ಹಾಕಿದ್ದು ಅಂತ ಅವನಿಗೆ ಹೇಳಲಿಕ್ಕೆ ಹೋದೆ, ಅಷ್ಟರಲ್ಲಿ ಅಂಗಡಿಯವ ಕರಗಿಸಿ ಆಗಿತ್ತು."

ಉಮ್ಮನಿಗೆ ನಾನು ಇದನ್ನು ಹೇಳಿದಾಗ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರು ಯಾವುದಕ್ಕೆ ಬಂತೆಂದು ಖಚಿತವಾಗಿ ಹೇಳಲಾರೆ.

ಮಾಲೀಕ ಕೇಳಿದ್ದಕ್ಕೆ ಬಾಪ ಗುರುವಾರ ಸಂಜೆ ಮೆಷಿನ್ ಮನೆಗೆ ತಂದರು. ಶನಿವಾರ ಕೆಲಸಕ್ಕೆ ವಾಪಸು ಒಯ್ಯಬೇಕು. ಹಜ್ಜಾ ಟೆರೇಸಿನಲ್ಲಿ ಅದಕ್ಕೆ ಪರೀಕ್ಷೆ ಇಟ್ಟಳು. ಚಿನ್ನದ ಬಳೆಯೊಂದನ್ನು ಚಾಪೆಯಡಿ ಅಡಗಿಸಿದಳು. ನಾನು ತಟ್ಟೆ ಆಡಿಸಿದೆ, ಕುಂಯ್. ಅವಳ ಬಾಯಿಯ ಹತ್ತಿರ ಹಿಡಿದೆ, ಚಿನ್ನದ ಹಲ್ಲಿಗೂ ಕುಂಯ್. ಹಜ್ಜಾ ಬಾಯಿ ಮುಚ್ಚಿಕೊಂಡು ನಕ್ಕಳು, ನಾಲ್ಕು ದಿನದ ನಂತರ ಮೊದಲ ಸಲ. ಉಮ್ಮ ಮಾತ್ರ ಹತ್ತಿರ ಬರಲಿಲ್ಲ. "ಅದರ ಕರೆಂಟು ಹೊಟ್ಟೆಗೆ ಆಗುವುದಿಲ್ಲ, ದೂರ ಹಿಡಿ," ಎಂದು ಮೆಟ್ಟಿಲಲ್ಲೇ ನಿಂತಳು. ಬಂದಿದ್ದರೆ ಮುಂದಿನ ಅವಾಂತರವೇ ಆಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾಲೀಕ ತಾಯಿಯನ್ನು ಕೇಳಿದ, "ಎಲ್ಲಿ ಇರಬಹುದು?" ಹಜ್ಜಾ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, "ಕಾಫಿಯ ಕೋಣೆಯಲ್ಲಿ," ಎಂದಳು. ಅದು ಗಂಡಸರು ಕುಳಿತು ಕಾಫಿ ಕುಡಿಯುವ ದೊಡ್ಡ ಕೋಣೆ, ಮನೆಯ ಎದುರು ಭಾಗದಲ್ಲಿ. ಬಾಪ ಬಗ್ಗಿ ತಟ್ಟೆ ಆಡಿಸುವುದು, ಮಾಲೀಕ ಗುದ್ದಲಿ ಹಾಕುವುದು. ಹೆಂಗಸರಾದ ನಾವು ಒಳಗಿನ ಅಂಗಳದಲ್ಲಿ ಗೋಡೆಗೆ ಒರಗಿ ಕುಳಿತೆವು. ಒಂದೊಂದು ಕುಂಯ್ ಕೇಳಿದಾಗಲೂ ಹಜ್ಜಾ ಆಶ್ಚರ್ಯದ ಮುಖ ಮಾಡಿಕೊಂಡು, "ಮಾಶಾ ಅಲ್ಲಾ," ಎಂದು ಹೊರಗೆ ಕೇಳುವಂತೆ ಹೇಳುವಳು. ಎಂಥ ನಟಿ. ಅಲ್ಲಿಂದ ಸಿಕ್ಕಿದ್ದು ಏಳು ಮೊಳೆ, ಒಂದು ಸಾರ್ಡಿನ್ ಡಬ್ಬಿ, ಕಾಫಿ ಪಾತ್ರೆಯ ಮುರಿದ ಮುಚ್ಚಳ.

ಮಧ್ಯಾಹ್ನದ ಜುಮಾ ನಮಾಜಿಗೆ ಅಜಾನ್ ಆಯಿತು. ಗಂಡಸರು ಗುದ್ದಲಿ, ಮೆಷಿನ್ ಗೋಡೆಗೆ ಒರಗಿಸಿ ಮಸೀದಿಗೆ ಹೋದರು. ಅವರ ಚಪ್ಪಲಿ ಸದ್ದು ತಿರುವಿನಲ್ಲಿ ನಿಂತದ್ದೇ ತಡ, ಎದ್ದೇಳಲು ದಿನಾ ಇಬ್ಬರ ಆಸರೆ ಬೇಕಾಗಿದ್ದ ಹಜ್ಜಾ ಒಬ್ಬಳೇ ಎದ್ದು ನಿಂತಳು.

"ಯಲ್ಲಾ, ನಡೆಯಿರಿ," ಎಂದಳು. "ಮುಕ್ಕಾಲು ಗಂಟೆ ಉಂಟು."

ಒಳಗಿನ ಹೆಂಗಸರ ಕೋಣೆಗೆ ಹೋದೆವು. ಮೆಷಿನ್ ನನ್ನ ಕೈಯಲ್ಲಿ. ಬಾಪನ ಗಾಂಭೀರ್ಯವನ್ನೂ ಮುಖಕ್ಕೆ ಹಾಕಿಕೊಂಡಿದ್ದೆ. ಉಮ್ಮ ಗುದ್ದಲಿ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು, ಹೊಟ್ಟೆಯ ಕರೆಂಟು ಆ ಹೊತ್ತಿಗೆ ನೆನಪಿರಲಿಲ್ಲ. ತಟ್ಟೆ ಇಟ್ಟ ಕೂಡಲೇ ಕುಂಯ್. ಸಾಧಾರಣ ಕುಂಯ್ ಅಲ್ಲ, ಆಂಬ್ಯುಲೆನ್ಸ್ ಬಂದಂತೆ.

"ಸಿಕ್ಕಿತು," ಎಂದೆ. ಉಮ್ಮ ಅಗೆದಳು. ಒಂದು ಗೇಣು ಅಗೆದು ತಟ್ಟೆ ಇಟ್ಟರೆ ಇನ್ನೂ ಜೋರು ಕುಂಯ್. ಎರಡು ಗೇಣು ಅಗೆದರೂ ಕುಂಯ್. ಮೊಳಕೈ ಮುಳುಗುವಷ್ಟು ಗುಂಡಿಯಾಯಿತು. ಉಮ್ಮ ಬೆವರಿನಲ್ಲಿ ಮಿಂದಳು. ಹಜ್ಜಾ ದುವಾ ಮಾಡುತ್ತಲೇ ಇದ್ದಳು. ಬರಿಯ ಮಣ್ಣು. ಸುಸ್ತಾಗಿ ಉಮ್ಮ ಗುದ್ದಲಿ ಆಚೆ ಎಸೆದು ಬಾಗಿಲಿಗೆ ಹೋದಳು, ಮೆಷಿನ್ ತೆಪ್ಪಗಾಯಿತು. ಬರಿಗೈಯಲ್ಲಿ ವಾಪಸು ಬಂದು ಕುಳಿತಳು, ಕುಂಯ್.

ನಾನು ಮೆಲ್ಲನೆ ತಟ್ಟೆಯನ್ನು ಗುಂಡಿಯಿಂದ ಎತ್ತಿ ಉಮ್ಮನ ಸೊಂಟದ ಹತ್ತಿರ ಹಿಡಿದೆ. ಮೆಷಿನ್ ಬೊಬ್ಬೆ ಹೊಡೆಯಿತು.

"ಉಮ್ಮ, ಸೊಂಟದಲ್ಲಿ ಎಂತ ಉಂಟು?"

"ಎಂತ ಇಲ್ಲ."

"ಎಂತ ಇಲ್ಲದ್ದಕ್ಕೆ ಇದು ಹೀಗೆ ಕೂಗ್ತದಾ?"

ಉಮ್ಮ ಆ ಕಡೆ ತಿರುಗಿ ಬಟ್ಟೆಯೊಳಗಿಂದ ಒಂದು ಗೊಂಚಲು ಹೊರಗೆಳೆದಳು. ಊರಿನ ಮನೆಯ ಕಪಾಟಿನ ಬೀಗದಕೈ, ಅಕ್ಕಿ ಪೆಟ್ಟಿಗೆಯ ಬೀಗದಕೈ, ಅಟ್ಟದ ಬೀಗದಕೈ, ಜೊತೆಗೆ ಒಂದು ಡಜನ್ ಸೇಫ್ಟಿ ಪಿನ್ನು. ಕಡಲು ದಾಟಿ ಎರಡು ವರ್ಷವಾಗಿತ್ತು. ಮಲಗುವಾಗಲೂ ಅದು ಅವಳ ಸೊಂಟದಲ್ಲೇ ಇತ್ತಂತೆ.

"ಯಾರ ಕೈಯಲ್ಲಿ ಕೊಟ್ಟು ಬರಬೇಕಿತ್ತು?" ಎಂದು ನನ್ನ ಮೇಲೆಯೇ ಹಾರಿದಳು. "ನಿನ್ನ ಮಾಮಿಯ ಕೈಯಲ್ಲಾ? ಬಂದು ನೋಡುವಾಗ ಕಪಾಟು ಇರ್ತಿತ್ತು, ಒಳಗೆ ಗಾಳಿ."

ಮಾಮಿ ಎಂದರೆ ಬಾಪನ ತಂಗಿ. ಹಾಯಿಲ್‌ನ ನೆಲದಲ್ಲಿ ಅಷ್ಟು ದೊಡ್ಡ ಗುಂಡಿ ಅವಳ ಮೇಲಿನ ಅನುಮಾನದಿಂದ ಆದದ್ದು. ಹಜ್ಜಾಳಿಗೆ ವಿವರಿಸಿದೆ. ಅವಳು ನಗಲಿಲ್ಲ. ಬೀಗದಕೈಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಸರಿ ಮಾಡಿದ್ದಾಳೆ," ಎಂದಳು.

ಅರ್ಧ ಗಂಟೆ ಕಳೆದಿತ್ತು. ಬೀಗದಕೈಗಳನ್ನು ಅಂಗಳದಲ್ಲಿಟ್ಟು ಬಂದೆವು. ಆದರೆ ಕೋಣೆ ಸಣ್ಣದಲ್ಲ, ಬಿದ್ದ ಬಾಗಿಲಿನ ಮೊಳೆಗಳು ಎಲ್ಲೆಡೆ ಚೆಲ್ಲಿದ್ದವು. ಪ್ರತಿ ಹೆಜ್ಜೆಗೂ ಕುಂಯ್. ಎಲ್ಲವನ್ನೂ ಅಗೆಯಲು ಬುಲ್ಡೋಜರೇ ಬೇಕು, ಅದು ನಾಳೆ ಬರುವುದಿತ್ತು. ಹಜ್ಜಾ ಗೋಡೆ ಹಿಡಿದು ನಿಂತಳು. ನನಗೂ ತಮಾಷೆ ನಿಂತುಹೋಯಿತು.

ಉಮ್ಮ ಅವಳ ಎದುರು ಹೋಗಿ ನಿಂತಳು. ನನ್ನನ್ನು ಕೇಳಲಿಲ್ಲ, ದುಭಾಷಿ ಬೇಕೆನ್ನಲಿಲ್ಲ. ಎರಡು ಕೈಯಲ್ಲಿ ಇಲ್ಲದ ಮಗುವೊಂದನ್ನು ಎತ್ತಿಕೊಂಡಂತೆ ಮಾಡಿ, ಆಚೀಚೆ ತೂಗಿ, ಗಲ್ಲ ಎತ್ತಿ ಕೇಳಿದಳು: ಎಲ್ಲಿ?

ಹಜ್ಜಾ ಒಂದು ಕ್ಷಣ ನೋಡಿದಳು. ನಂತರ ನೇರ ಹೋಗಿ ಮೂಲೆಯಲ್ಲಿ ನಿಂತು ತಲೆಯೆತ್ತಿದಳು. ಮೂಲೆಯ ಎರಡು ಗೋಡೆಗಳಲ್ಲಿ ಒಂದೊಂದು ಮರದ ಗೂಟ, ಒಂದರಲ್ಲಿ ಇನ್ನೂ ಹಗ್ಗದ ತುಂಡು. ಮೊದಲ ಮಗುವಿನ ತೊಟ್ಟಿಲು ಕಟ್ಟಿದ್ದ ಜಾಗ.

"ನಾನಾಗಿದ್ದರೂ ಅಲ್ಲಿಯೇ ಹೂಳ್ತಿದ್ದೆ," ಎಂದಳು ಉಮ್ಮ. "ಹಗಲು ರಾತ್ರಿ ಯಾರಾದರೂ ಕೂತೇ ಇರ್ತಾರಲ್ಲ, ಮಗುವಿನ ಹತ್ತಿರ."

ತಟ್ಟೆ ಇಟ್ಟೆ. ಕುಂಯ್. ಈ ಸಲ ಉಮ್ಮ ಕೈಯಲ್ಲೇ ಕೆದಕಿದಳು. ಚರ್ಮದ ಚೀಲ ಹಪ್ಪಳದಂತೆ ಪುಡಿಯಾಯಿತು, ಒಳಗಿನದ್ದು ಉಳಿದಿತ್ತು. ಸುಟ್ಟ ಮೀನಿನಂತೆ ಕಪ್ಪಾದ ಸೊಂಟಪಟ್ಟಿ, ಬಳೆಗಳು, ಸರ. ಸರದ ನಾಣ್ಯಗಳನ್ನು ನಾನು ಅಂಗಿಗೆ ಉಜ್ಜಿದೆ. ನಾಲ್ಕರಲ್ಲಿ ಯಾವುದೋ ದೇಶದ ದಪ್ಪ ರಾಣಿ. ಐದನೆಯದರಲ್ಲಿ ಗಡ್ಡದ ರಾಜ, ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಒಂದು ರುಪಾಯಿ, ಇಂಡಿಯಾ.

"ಇವನಾ?" ಎಂದಳು ಉಮ್ಮ, ನೆಂಟನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡವಳಂತೆ. "ಇವ ನಮ್ಮ ಅಜ್ಜಿಯ ಡಬ್ಬಿಯಲ್ಲಿಯೂ ಇದ್ದ. ಇಲ್ಲಿಗೆ ಯಾವಾಗ ಬಂದ ಮಾರಾಯ್ತಿ, ನಮಗಿಂತ ಮೊದಲೇ?"

ಹಜ್ಜಾ ಎಲ್ಲವನ್ನೂ ಮುಸುಕಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಒಂದು ಕೈ ಬಿಡಿಸಿ ಉಮ್ಮನ ತಲೆಯ ಮೇಲಿಟ್ಟಳು.

ಗಂಡಸರು ಬರುವಾಗ ಎರಡು ಗುಂಡಿಯೂ ಮುಚ್ಚಿ ಆಗಿತ್ತು, ಮೆಷಿನ್ ಮೊದಲಿನ ಗೋಡೆಗೇ ಒರಗಿತ್ತು. ಬಾಪ ಸಂಜೆಯ ಅಸರ್ ನಮಾಜಿನವರೆಗೆ ಕಾಫಿಯ ಕೋಣೆಯಲ್ಲಿ ಅಗೆದರು. ಇನ್ನೂ ನಾಲ್ಕು ಮೊಳೆ ಸಿಕ್ಕಿತು. "ಮೆಷಿನ್ ಹಳೆಯದು, ಬೆಳ್ಳಿ ಹಿಡಿಯುವುದಿಲ್ಲ ಕಾಣ್ತದೆ," ಎಂದು ಮಾಲೀಕನ ಎದುರು ಮುಖ ಸಣ್ಣದು ಮಾಡಿದರು. ಇವತ್ತಿಗೂ ಹಾಗೆಯೇ ನಂಬಿದ್ದಾರೆ. ಬಾಪ, ಇದನ್ನು ಓದಿದರೆ ಕ್ಷಮಿಸಿ, ಮೆಷಿನ್ ಬಹಳ ಒಳ್ಳೆಯದಿತ್ತು.

ಸಂಜೆ ಉಮ್ಮ ತಲೆಗೆ ಹಾಕಲೆಂದು ಊರಿನಿಂದ ತಂದಿದ್ದ ಅಂಟುವಾಳ ಕಾಯಿಯನ್ನು ನೀರಿಗೆ ಹಾಕಿ ನೊರೆ ಬರಿಸಿ, ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಬೆಳ್ಳಿ ತಿಕ್ಕಿದಳು. ಇಷ್ಟು ಹೊತ್ತು ಒಳಗೆಂತ ಎಂದು ಬಾಪ ಕೇಳಿದ್ದಕ್ಕೆ, "ತಲೆಗೆ ಸ್ನಾನ," ಎಂದಳು. ಹೊರಗೆ ಬರುವಾಗ ತಲೆ ಒಣಗಿಯೇ ಇತ್ತು. ಬಾಪ ಗಮನಿಸಲಿಲ್ಲ.

ಶನಿವಾರ ಬುಲ್ಡೋಜರ್ ಬಂತು. ನಾವು ಮೂವರು ಟೆರೇಸಿನಲ್ಲಿ ನಿಂತಿದ್ದೆವು. ಮಣ್ಣಿನ ಗೋಡೆ ಬಿದ್ದಾಗ ಸದ್ದೇ ಆಗಲಿಲ್ಲ, ಧೂಳು ಮಾತ್ರ ಎದ್ದಿತು. ಹಜ್ಜಾ ಉಮ್ಮನ ಕೈ ಹಿಡಿದುಕೊಂಡಳು. ಹಜ್ಜಾಳ ಕಪ್ಪು ಬುರ್ಖಾದ ತೋಳಿನೊಳಗೆ ಏನೋ ಕಿಣಿ ಎಂದಿತು. ಅಂಟುವಾಳದ ಪರಿಮಳ ನನ್ನವರೆಗೂ ಬಂತು.

ಕೆಳಗಿನಿಂದ ಮಾಲೀಕ ತಲೆಯೆತ್ತಿ ತಾಯಿಗೆ ಕೂಗಿ ಹೇಳಿದ, "ಬೇಸರ ಮಾಡಬೇಡ ಉಮ್ಮಾ. ಹೋದದ್ದು ಹೋಯಿತು, ನಿನಗೆ ಚಿನ್ನ ತಂದುಕೊಡ್ತೇನೆ."

"ತಾ ಮಗನೇ," ಎಂದಳು ಹಜ್ಜಾ, ಬುರ್ಖಾದ ತೋಳನ್ನು ಇನ್ನಷ್ಟು ಕೆಳಗೆಳೆದುಕೊಳ್ಳುತ್ತ. "ತಾ, ಹಾಕಿಕೊಳ್ಳುವಾ."